ಮುಗಿದ ಆಟಕ್ಕೊಂದು ಗ್ರಂಥಾಲಯ

ನ್ಯೂಯಾರ್ಕಿನ ಲಿಂಕನ್ ಸೆಂಟರ್‌ಗೆ ಹೋದವರು ಸಾಮಾನ್ಯವಾಗಿ ಕಾರಂಜಿಯ ಮುಂದೆ ಫೋಟೊ ತೆಗೆಸಿಕೊಂಡು, ಮೆಟ್ರೊಪಾಲಿಟನ್ ಆಪೆರಾ ಮಂದಿರದ ಎತ್ತರದ ಕಮಾನುಗಳನ್ನು ನೋಡಿ ವಾಪಸಾಗುತ್ತಾರೆ. ಆ ಮಂದಿರಕ್ಕೂ ಪಕ್ಕದ ವಿವಿಯನ್ ಬ್ಯೂಮಾಂಟ್ ರಂಗಮಂದಿರಕ್ಕೂ ನಡುವೆ ಇನ್ನೊಂದು ಬಾಗಿಲಿದೆ. ಅಲ್ಲಿ ಟಿಕೆಟ್ ಇಲ್ಲ. ಯಾರು ಬೇಕಾದರೂ ಒಳಗೆ ಹೋಗಬಹುದು. ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯದ ಪ್ರದರ್ಶನ ಕಲೆಗಳ ವಿಭಾಗ ಇರುವುದು ಅಲ್ಲಿ. ನ್ಯೂಜೆರ್ಸಿಯ ಮಗಳ ಮನೆಗೆ ಹೋದಾಗಲೆಲ್ಲ ನಾನು ತಪ್ಪದೆ ಹೋಗುವ ಜಾಗ ಅದು. "ಆಯಿ, ನಿನಗೆ ಬೇರೆ ಏನೂ ನೋಡುವುದಿಲ್ಲವಾ?" ಎಂದು ಮಗಳು ಕೇಳುತ್ತಾಳೆ. ನೋಡುವುದು ಬೇಕಾದಷ್ಟಿದೆ. ಆದರೆ ನಾನು ಉತ್ತರ ಕನ್ನಡದ ಕಾಲೇಜೊಂದರಲ್ಲಿ ಲೈಬ್ರರಿಯನ್ ಆಗಿ ನಿವೃತ್ತಳಾದವಳು. ತಾಳಮದ್ದಲೆಯಲ್ಲಿ ಅರ್ಥ ಹೇಳುತ್ತಿದ್ದವರ ಮಗಳು. ಕೆಲಸ ಕಲಿಸಿದ್ದು, ಮನೆ ಕಲಿಸಿದ್ದು ಎರಡೂ ಒಂದೇ ಸೂರಿನಡಿ ಸಿಗುವ ಜಾಗ ನನಗೆ ಇನ್ನೊಂದಿಲ್ಲ.

ಪುಸ್ತಕವನ್ನು ಕಾಪಾಡುವುದು ಕಷ್ಟವಾದರೂ ದಾರಿ ಗೊತ್ತಿರುವ ಕೆಲಸ. ಹುಳ, ತೇವ, ಧೂಳು ಇವಿಷ್ಟನ್ನು ದೂರವಿಟ್ಟರೆ ನೂರು ವರ್ಷ ಬಾಳುತ್ತದೆ. ಆದರೆ ಆಟ? ಮಂಗಳ ಹಾಡಿದ ಮೇಲೆ ಅದು ಇಲ್ಲ. ಉಳಿಯುವುದು ಅದರ ಸುತ್ತಲಿನ ಚೂರುಗಳು ಮಾತ್ರ: ಕರಪತ್ರ, ಟಿಕೆಟ್, ನಿರ್ದೇಶಕ ಅಂಚಿನಲ್ಲಿ ಗೀಚಿದ ನಾಟಕದ ಪ್ರತಿ, ರಂಗಸಜ್ಜಿಕೆಯ ನಕ್ಷೆ, ಉಡುಪಿನ ಬಟ್ಟೆಯ ತುಂಡು, ಫೋಟೊ, ಪತ್ರ, ಧ್ವನಿಸುರುಳಿ. ಈ ಚೂರುಗಳನ್ನು ಪುಸ್ತಕದಷ್ಟೇ ಗೌರವದಿಂದ ಇಟ್ಟುಕೊಳ್ಳುವ ಸಾರ್ವಜನಿಕ ಗ್ರಂಥಾಲಯ ಇದು. ಗಾರ್ಡನ್ ಬನ್‌ಶಾಫ್ಟ್ ಎಂಬ ವಾಸ್ತುಶಿಲ್ಪಿ ರೂಪಿಸಿದ ಈ ಕಟ್ಟಡ 1965ರ ನವೆಂಬರ್ 30ರಂದು ತೆರೆಯಿತು. ಸಂಗೀತ, ನೃತ್ಯ, ರಂಗಭೂಮಿ, ಧ್ವನಿಮುದ್ರಣ ಹೀಗೆ ಒಂದೊಂದಕ್ಕೂ ಪ್ರತ್ಯೇಕ ವಿಭಾಗ. ಕೆಳಗಿನ ಅಂತಸ್ತುಗಳಲ್ಲಿ ಮನೆಗೆ ಒಯ್ಯಬಹುದಾದ ಪುಸ್ತಕ, ಸ್ವರಲಿಪಿ, ಡಿವಿಡಿ. ಮೂರನೆಯ ಮಹಡಿಯಲ್ಲಿ ಅಲ್ಲೇ ಕೂತು ನೋಡಬೇಕಾದ ಅಪರೂಪದ ಸಂಗ್ರಹ. ಅಲ್ಲಿ ಪೆನ್ನು ಒಳಗೆ ಬಿಡುವುದಿಲ್ಲ, ಪೆನ್ಸಿಲ್ ಮಾತ್ರ. ಕಾಗದಗಳ ಪೆಟ್ಟಿಗೆಗಳಲ್ಲಿ ಒಂದನ್ನು ನೋಡಿ ಮುಗಿಸಿದ ಮೇಲೆ ಇನ್ನೊಂದು. ಒಳಗಿನ ಕಾಗದಗಳು ಇದ್ದ ಕ್ರಮದಲ್ಲೇ ಮರಳಬೇಕು, ಏಕೆಂದರೆ ಯಾವ ಕಾಗದದ ಪಕ್ಕದಲ್ಲಿ ಯಾವುದಿತ್ತು ಎನ್ನುವುದೂ ಮಾಹಿತಿಯೇ.

ಅಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ನನ್ನದೇ ವೃತ್ತಿಯ ಒಬ್ಬ ಮನುಷ್ಯ. ಲಯನೆಲ್ ಮೇಪಲ್ಸನ್ ಮೆಟ್ರೊಪಾಲಿಟನ್ ಆಪೆರಾದ ಲೈಬ್ರರಿಯನ್. ವಾದ್ಯಗಾರರಿಗೆ ಸ್ವರಲಿಪಿಯ ಹಾಳೆಗಳನ್ನು ಜೋಡಿಸಿ ಕೊಡುವುದು ಅವರ ಕೆಲಸ. 1900ರಲ್ಲಿ ಅವರು ಎಡಿಸನ್ ಫೋನೋಗ್ರಾಫ್ ಒಂದನ್ನು ಕೊಂಡರು. ಮೊದಲು ಅದನ್ನು ರಂಗದ ಮುಂದೆ ಮಾತು ಎತ್ತಿಕೊಡುವವರು ಕೂರುವ ಗೂಡಿನಲ್ಲಿಟ್ಟರು, ಆಮೇಲೆ ರಂಗದ ಮೇಲ್ಗಡೆ ಪರದೆಗಳನ್ನು ಎಳೆಯುವ ಅಟ್ಟಕ್ಕೆ ಹತ್ತಿಸಿದರು. ದೊಡ್ಡ ಕಹಳೆಯೊಂದನ್ನು ರಂಗದತ್ತ ತಿರುಗಿಸಿ, ಆಟ ನಡೆಯುತ್ತಿದ್ದಾಗಲೇ ಮೇಣದ ಸಿಲಿಂಡರಿನ ಮೇಲೆ ದನಿ ಹಿಡಿದರು. ಒಂದು ಸಿಲಿಂಡರಿನಲ್ಲಿ ಎರಡು ಮೂರು ನಿಮಿಷ ಹಿಡಿದರೆ ಹೆಚ್ಚು. ಸುಮಾರು 1903ರವರೆಗೆ ಅವರು ಇದನ್ನು ಮಾಡಿದರು. ಮೈಕ್ರೊಫೋನ್ ಇಟ್ಟು ಧ್ವನಿಮುದ್ರಿಸುವ ಪದ್ಧತಿ ಇನ್ನೂ ಬಾರದ ಕಾಲ ಅದು.

ಆ ಧ್ವನಿಮುದ್ರಣಗಳನ್ನು ಅಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೇಳಿದ್ದೇನೆ. ಮೊದಲು ಬರೀ ಕರಕರ ಸದ್ದು. ಆ ಸದ್ದಿಗೆ ಕಿವಿ ಪಳಗಿದ ಮೇಲೆ, ಅದರ ಒಳಗಿನಿಂದ ಒಂದು ಹೆಣ್ಣುದನಿ ಏರಿ ಬರುತ್ತದೆ. ಗಾಯಕಿ ರಂಗದ ಮೇಲೆ ಆಚೆ ನಡೆದಂತೆ ದನಿ ಸಣ್ಣದಾಗುತ್ತದೆ, ಈಚೆ ಬಂದಂತೆ ತುಂಬುತ್ತದೆ. ಸ್ಟುಡಿಯೊದಲ್ಲಿ ಮಾಡಿದ ಮುದ್ರಣದಲ್ಲಿ ಇದು ಸಿಗುವುದಿಲ್ಲ. ಅವರು ನಡೆದಾಡಿದ ರಂಗದ ಅಗಲವೇ ಆ ದನಿಯಲ್ಲಿದೆ. ಜಾನ್ ದ ರೆಶ್ಕೆ ಎಂಬ ಆ ಕಾಲದ ಮೇರು ಗಾಯಕರ ದನಿ ಇಂದು ಕೇಳಸಿಗುವುದು ಈ ಸಿಲಿಂಡರುಗಳಲ್ಲಿ ಮಾತ್ರ.

ಮೇಣಕ್ಕೆ ಬೂಸು ಹಿಡಿಯುತ್ತದೆ. ಸೂಜಿ ಇಟ್ಟು ನುಡಿಸಿದಷ್ಟೂ ಸವೆಯುತ್ತದೆ. ಹಾಗಾಗಿ ಕೇಳುವುದೆಂದರೆ ಅಷ್ಟಿಷ್ಟು ಅಳಿಸುವುದೂ ಆಗಿತ್ತು. ಗ್ರಂಥಾಲಯ 1980ರ ದಶಕದಲ್ಲಿ ಇವನ್ನು ಎಲ್‌ಪಿ ತಟ್ಟೆಗಳಾಗಿ ಹೊರತಂದಿತು. ಈಗ ಸಿಲಿಂಡರನ್ನು ಲೇಸರ್ ನೆರವಿನಿಂದ ಓದುವ ಯಂತ್ರವನ್ನೂ ತರಿಸಿಕೊಂಡಿದೆ. ಮೇಪಲ್ಸನ್ ಕುಟುಂಬದವರು ಮನೆಯಲ್ಲಿ ಉಳಿದಿದ್ದ ಇನ್ನಷ್ಟು ಸಿಲಿಂಡರುಗಳನ್ನೂ 2022ರಲ್ಲಿ ಇಲ್ಲಿಗೆ ತಂದುಕೊಟ್ಟರು. ನೂರಿಪ್ಪತ್ತು ವರ್ಷ ಒಂದು ಮನೆ ಅವನ್ನು ಎಸೆಯದೆ ಇಟ್ಟುಕೊಂಡಿತ್ತು!

ನೃತ್ಯ ವಿಭಾಗದ ಕತೆಯೂ ಒಬ್ಬರ ಹಟದಿಂದಲೇ ಬೆಳೆದದ್ದು. 1944ರಲ್ಲಿ ಸಂಗೀತ ವಿಭಾಗದ ಒಂದು ಮೂಲೆಯಾಗಿ ಅದು ಶುರುವಾಯಿತು. ಜೆನಿವೀವ್ ಓಸ್ವಾಲ್ಡ್ ಎಂಬ ಗ್ರಂಥಪಾಲಕಿ ದಶಕಗಳ ಕಾಲ ಅದರ ಬೆನ್ನಿಗೆ ಬಿದ್ದು, ನೃತ್ಯಗಾರರ ಪತ್ರ, ಚಿತ್ರ, ಫಿಲ್ಮುಗಳನ್ನು ಕೂಡಿಹಾಕಿದರು. 1964ರಲ್ಲಿ ಅದು ಸ್ವತಂತ್ರ ವಿಭಾಗವಾಯಿತು. ಅದೇ ವರ್ಷ ಬ್ರಾಡ್‌ವೇಯಲ್ಲಿ 'ಫಿಡ್ಲರ್ ಆನ್ ದ ರೂಫ್' ನಾಟಕ ತೆರೆಕಂಡಿತ್ತು. ಅದನ್ನು ನಿರ್ದೇಶಿಸಿದ ಜೆರೋಮ್ ರಾಬಿನ್ಸ್, ತಮಗೆ ಬರುವ ಗೌರವಧನದ ಒಂದು ಪಾಲನ್ನು ನೃತ್ಯದ ಫಿಲ್ಮುಗಳ ಸಂಗ್ರಹಕ್ಕೆಂದು ಗ್ರಂಥಾಲಯಕ್ಕೆ ಬರೆದುಕೊಟ್ಟರು. ಜಗತ್ತಿನಲ್ಲಿ ಎಲ್ಲೇ ಆ ನಾಟಕ ಆಡಿದರೂ ಅದರಿಂದ ಒಂದಿಷ್ಟು ಕಾಸು ನೃತ್ಯದ ನೆನಪಿಗೆ ಹೋಗುವ ವ್ಯವಸ್ಥೆ ಅದು. ಈಗ ಆ ವಿಭಾಗಕ್ಕೆ ಅವರದೇ ಹೆಸರಿದೆ.

ಅಲ್ಲಿ ನಮ್ಮ ಕಡೆಯ ಜಾಡೂ ಸಿಗುತ್ತದೆ. 1925-26ರಲ್ಲಿ ಭಾರತ ಸುತ್ತಿದ ರೂತ್ ಸೇಂಟ್ ಡೆನಿಸ್ ಮತ್ತು ಟೆಡ್ ಶಾನ್ ಅವರ ತಂಡದ ಕಾಗದಪತ್ರಗಳು ಅಲ್ಲಿವೆ. ಲಾ ಮೆರಿ ಎಂಬ ಅಮೆರಿಕನ್ ನರ್ತಕಿಯ ಕಾಗದಪತ್ರಗಳೂ ಇವೆ. ಬೆಂಗಳೂರಿನಲ್ಲಿ ಹುಟ್ಟಿದ ರಾಮ್ ಗೋಪಾಲ್ ತರುಣನಾಗಿದ್ದಾಗ ಪ್ರವಾಸ ಹೊರಟು ಕುಣಿದದ್ದು ಇದೇ ಲಾ ಮೆರಿಯ ಜೊತೆ. ಮುಂದೆ ಅವರು ಯುರೋಪು, ಅಮೆರಿಕಗಳಲ್ಲಿ ಭರತನಾಟ್ಯವನ್ನು ತೋರಿಸಿ ಹೆಸರಾದರು. ನಮ್ಮ ನಾಡಿನ ಒಬ್ಬ ಕಲಾವಿದನ ಕಾಲವನ್ನು ತಿಳಿಯಲು ಅಷ್ಟು ದೂರದ ಪೆಟ್ಟಿಗೆಗಳನ್ನು ಬಿಡಿಸಬೇಕು ಎನ್ನುವುದು ನನ್ನ ಮಟ್ಟಿಗೆ ಸಣ್ಣ ಸಂಗತಿಯಲ್ಲ.

ನೃತ್ಯ ವಿಭಾಗದ ಕೆಲಸ ಕಾಂಬೋಡಿಯಕ್ಕೂ ಚಾಚಿತು. ಅಲ್ಲಿ ಖ್ಮೆರ್ ರೂಜ್ ಆಡಳಿತ ಹೆಚ್ಚಿನ ನೃತ್ಯಗುರುಗಳನ್ನು ಬಲಿತೆಗೆದುಕೊಂಡಿತು. ಉಳಿದವರ ಮೈಯಲ್ಲಿ ಮಾತ್ರ ಆ ವಿದ್ಯೆ ಉಳಿದಿತ್ತು. 2008ರಲ್ಲಿ ಆರಂಭವಾದ ಯೋಜನೆಯೊಂದರಲ್ಲಿ ಈ ಗ್ರಂಥಾಲಯ ಅಲ್ಲಿನ ಮೂರು ತಲೆಮಾರಿನ ಕಲಾವಿದರ ಸಂದರ್ಶನಗಳನ್ನೂ ನೃತ್ಯವನ್ನೂ ವಿಡಿಯೊದಲ್ಲಿ ದಾಖಲಿಸಿತು. ಗ್ರಂಥಾಲಯವೆಂದರೆ ಬಂದದ್ದನ್ನು ಜೋಡಿಸಿಡುವುದಷ್ಟೇ ಅಲ್ಲ, ಹೋಗುತ್ತಿರುವುದನ್ನು ಹುಡುಕಿಕೊಂಡು ಹೋಗುವುದೂ ಹೌದು ಎಂಬ ನಂಬಿಕೆ ಇದ್ದವರಷ್ಟೇ ಇಂಥ ಕೆಲಸಕ್ಕೆ ಕೈಹಾಕುತ್ತಾರೆ.

ರಂಗಭೂಮಿ ವಿಭಾಗಕ್ಕೆ ನಾಂದಿಯಾದದ್ದು ಒಂದು ಷರತ್ತು. 1931ರಲ್ಲಿ ನಿರ್ಮಾಪಕ ಡೇವಿಡ್ ಬೆಲಾಸ್ಕೊ ಅವರ ಆಸ್ತಿಯ ನಿರ್ವಾಹಕರು ಅವರ ಸಂಗ್ರಹವನ್ನು ಕೊಡುವಾಗ, ಅದಕ್ಕೆ ಪ್ರತ್ಯೇಕ ವಿಭಾಗ ಬೇಕು, ಪೂರ್ಣಾವಧಿ ಸಿಬ್ಬಂದಿ ಬೇಕು ಎಂದರು. ಕೊಡುವವರು ಹೀಗೆ ಕೇಳಬೇಕು. ಇಲ್ಲವಾದರೆ ದಾನವಾಗಿ ಬಂದದ್ದು ಗೋದಾಮಿನಲ್ಲಿ ಕೊಳೆಯುತ್ತದೆ. ಮುಂದೆ 1970ರಲ್ಲಿ ಬೆಟ್ಟಿ ಕಾರ್ವಿನ್ ಎಂಬ ಮಹಿಳೆ, ನಾಟಕಗಳನ್ನು ಪ್ರೇಕ್ಷಕರ ಮುಂದೆ ಆಡುತ್ತಿರುವಾಗಲೇ ಚಿತ್ರೀಕರಿಸಿಡುವ ಕೆಲಸವನ್ನು ಇಲ್ಲಿ ಆರಂಭಿಸಿದರು. ನಟರ, ವಾದ್ಯಗಾರರ, ರಂಗಕರ್ಮಿಗಳ ಸಂಘಗಳೆಲ್ಲ ಮೊದಲು ಹಿಂಜರಿದವು. ಚಿತ್ರ ಹೊರಗೆ ಹೋದರೆ ನಮ್ಮ ಹೊಟ್ಟೆಪಾಡಿನ ಗತಿಯೇನು ಎನ್ನುವುದು ನ್ಯಾಯವಾದ ಅಂಜಿಕೆಯೇ. ಕಾರ್ವಿನ್ ಒಂದೊಂದೇ ಸಂಘವನ್ನು ಒಪ್ಪಿಸಿದರು. ಆ ಒಪ್ಪಂದದ ಕಟ್ಟು ಇಂದಿಗೂ ಇದೆ: ಪ್ರತಿ ತೆಗೆಯುವಂತಿಲ್ಲ, ಹೊರಗೆ ಒಯ್ಯುವಂತಿಲ್ಲ, ಓದಿಗೋ ವೃತ್ತಿಗೋ ಬೇಕೆಂದು ಮೊದಲೇ ಸಮಯ ಗೊತ್ತುಮಾಡಿಕೊಂಡು ಅಲ್ಲೇ ಕೂತು ನೋಡಬೇಕು. ಹಾಗೆ ಕೂಡಿದ ಸಾವಿರಾರು ಮುದ್ರಿಕೆಗಳ ಮುಂದೆ ಈಗ ಹೊಸ ನಟರು, ನಿರ್ದೇಶಕರು ಕೂತು ಕಲಿಯುತ್ತಾರೆ.

ಇಷ್ಟೆಲ್ಲ ಪೆಟ್ಟಿಗೆಯೊಳಗೇ ಇದ್ದರೆ ಸಂಶೋಧಕರಿಗೆ ಮಾತ್ರ ಉಪಯೋಗ. ಅದಕ್ಕೇ ವಸ್ತುಪ್ರದರ್ಶನಗಳು. ರಂಗವಿನ್ಯಾಸಕಾರ ಡೊನಾಲ್ಡ್ ಓನ್ಸ್‌ಲಾಗರ್ ಹೆಸರಿನ ಗ್ಯಾಲರಿ, ವಿನ್ಸೆಂಟ್ ಆಸ್ಟರ್ ಗ್ಯಾಲರಿ ಎಂದು ಅವಕ್ಕೆ ಜಾಗಗಳಿವೆ. ಒಳಗೆ ಬೆಳಕು ಮಂದ. ಹಳೆಯ ಕಾಗದ, ಬಣ್ಣ, ಬಟ್ಟೆ ಬೆಳಕಿಗೆ ಮಾಸುತ್ತವೆ. ಒಮ್ಮೆ ಮಾಸಿದ್ದು ಮರಳುವುದಿಲ್ಲ. ಹಾಗಾಗಿ ಯಾವ ವಸ್ತುವೂ ಅಲ್ಲಿ ಖಾಯಂ ಇರುವುದಿಲ್ಲ. ಕೆಲವು ತಿಂಗಳು ಜನಕ್ಕೆ ತೋರಿಸಿ ಮತ್ತೆ ಕತ್ತಲೆಗೆ ಕಳಿಸುತ್ತಾರೆ. ರಾಬಿನ್ಸ್ ಜನ್ಮಶತಮಾನೋತ್ಸವಕ್ಕೆ 2018ರಲ್ಲಿ ನಡೆದ ಪ್ರದರ್ಶನದಲ್ಲಿ ಅವರ ದಿನಚರಿಗಳಿದ್ದವು. ಮಡಿಕೆ ಮಡಿಕೆಯಾಗಿ ಬಿಡಿಸಿಕೊಳ್ಳುವ ಉದ್ದ ಕಾಗದದ ಮೇಲೆ ಚಿತ್ರ, ಬಣ್ಣ, ಬರಹ ಎಲ್ಲ ಕಲಸಿದ್ದ ದಿನಚರಿ ಅದು. ಕುಣಿತ ಕಟ್ಟುವವರು ಕಾಗದದ ಮೇಲೂ ಹೇಗೆ ಚಲಿಸುತ್ತಾರೆ ಎಂಬುದನ್ನು ಅದಕ್ಕಿಂತ ಚೆನ್ನಾಗಿ ಯಾರೂ ಹೇಳಲಾರರು.

ರಾಕ್ ಗಾಯಕ ಲೂ ರೀಡ್ ಕುರಿತ ಪ್ರದರ್ಶನ 2022ರಲ್ಲಿ ಏರ್ಪಟ್ಟಿತು. ರೀಡ್ 1965ರ ಮೇ ತಿಂಗಳಲ್ಲಿ ತನ್ನ ಹೊಸ ಹಾಡುಗಳ ಟೇಪನ್ನು ತನಗೇ ಅಂಚೆಯಲ್ಲಿ ಕಳಿಸಿಕೊಂಡಿದ್ದರು. ಅಂಚೆ ಮುದ್ರೆಯ ತಾರೀಖು ಇದ್ದರೆ ಹಾಡು ತನ್ನದೆಂದು ಸಾಧಿಸಬಹುದು ಎಂಬ ಲೆಕ್ಕ. ಆ ಪೊಟ್ಟಣವನ್ನು ಅವರು ಒಡೆಯಲೇ ಇಲ್ಲ. ಅವರು ತೀರಿಕೊಂಡ ಮೇಲೆ, ಸಂಗ್ರಹವನ್ನು ಅಣಿಗೊಳಿಸುತ್ತಿದ್ದವರಿಗೆ ಅದು ಮುಚ್ಚಿದಂತೆಯೇ ಸಿಕ್ಕಿತು. ಪ್ರದರ್ಶನದ ವರ್ಷವೇ ಆ ಹಾಡುಗಳು ಆಲ್ಬಮ್ ಆಗಿಯೂ ಹೊರಬಂದವು.

ಇಷ್ಟನ್ನು ನೋಡಿ ಬಂದಾಗ ನನಗೆ ನೆನಪಾಗುವುದು ನಮ್ಮ ಲೈಬ್ರರಿಯ ಪರಿಗ್ರಹಣ ವಹಿ. ಒಮ್ಮೆ ಹಿರಿಯ ಭಾಗವತರೊಬ್ಬರ ಮನೆಯವರು ಒಂದು ಟ್ರಂಕು ತಂದುಕೊಟ್ಟರು. ಕೈಬರಹದ ಪ್ರಸಂಗಗಳು, ಡೇರೆ ಮೇಳಗಳ ಕರಪತ್ರಗಳು, ಬಿಸ್ಕತ್ ಡಬ್ಬಿ ತುಂಬ ತಾಳಮದ್ದಲೆಯ ಕ್ಯಾಸೆಟ್ಟುಗಳು. ವಹಿಯಲ್ಲಿ ಲೇಖಕ, ಪ್ರಕಾಶಕ, ಪುಟ, ಬೆಲೆ ಎಂಬ ಕಾಲಂಗಳಿದ್ದವು. ಕರಪತ್ರಕ್ಕೆ ಲೇಖಕ ಯಾರು? ಕ್ಯಾಸೆಟ್ಟಿಗೆ ಪುಟ ಎಷ್ಟು? ಪುಸ್ತಕವಲ್ಲದ್ದನ್ನು ದಾಖಲು ಮಾಡಬೇಡಿ ಎಂದು ಮೇಲಿನವರು ಹೇಳಿದರು. ನಾನು ಬೇರೊಂದು ವಹಿ ಹೊಲಿಸಿ, ಬೆಲೆಯ ಕಾಲಂನಲ್ಲಿ 'ದಾನ' ಎಂದು ಬರೆದು, ಒಂದೊಂದಕ್ಕೂ ಸಂಖ್ಯೆ ಕೊಟ್ಟೆ. ಪ್ರಸಂಗದ ಪದ್ಯಗಳು ಅಚ್ಚಾಗಿ ಉಳಿದಿವೆ. ಅರ್ಥಧಾರಿಯ ಮಾತು ಹಾಗಲ್ಲ. ಅದು ಆ ರಾತ್ರಿ, ಆ ಎದುರಾಳಿಯ ಮುಂದೆ ಹುಟ್ಟಿದ್ದು. ಆ ಕ್ಯಾಸೆಟ್ಟು ಹೋದರೆ ಅದಕ್ಕೆ ಇನ್ನೊಂದು ಪ್ರತಿಯಿಲ್ಲ.

ನಮ್ಮಲ್ಲಿ ಕೆಲಸವೇ ಆಗಿಲ್ಲ ಎನ್ನಲಾರೆ. ಉಡುಪಿಯ ಎಂ.ಜಿ.ಎಂ. ಕಾಲೇಜಿನಲ್ಲಿ ಕು.ಶಿ. ಹರಿದಾಸ ಭಟ್ಟರು ಜನಪದ ರಂಗಕಲೆಗಳ ಸಂಪನ್ಮೂಲ ಕೇಂದ್ರ ಕಟ್ಟಿದರು. ಎಚ್.ಎಲ್. ನಾಗೇಗೌಡರು ರಾಮನಗರದ ಬಳಿ ಜಾನಪದ ಲೋಕ ಕಟ್ಟಿದರು. ಇವು ದೊಡ್ಡ ಕೆಲಸಗಳು. ಆದರೆ ಊರಿನ ಯಾರಾದರೂ ಚೀಲ ಹೆಗಲಿಗೇರಿಸಿ ನಡೆದು ಹೋಗಬಹುದಾದ ಸಾರ್ವಜನಿಕ ಗ್ರಂಥಾಲಯಗಳಿಗೆ ಈ ಕೆಲಸ ಇನ್ನೂ ತಲುಪಬೇಕು. ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಬಂದದ್ದೂ 1965ರಲ್ಲೇ, ಲಿಂಕನ್ ಸೆಂಟರಿನ ಆ ಬಾಗಿಲು ತೆರೆದ ವರ್ಷವೇ. ಆಸ್ತಿ ತೆರಿಗೆಯ ಜೊತೆ ಶೇಕಡಾ 6ರಷ್ಟು ಗ್ರಂಥಾಲಯ ಕರವನ್ನು ನಾವೆಲ್ಲ ಕಟ್ಟುತ್ತಿದ್ದೇವೆ. ಗುಬ್ಬಿ ಕಂಪನಿ 1884ರಲ್ಲಿ ಹುಟ್ಟಿದ ನಾಡು ಇದು. ಒಂದೊಂದು ಜಿಲ್ಲಾ ಗ್ರಂಥಾಲಯದಲ್ಲಿ ಆ ಜಿಲ್ಲೆಯ ಆಟ, ನಾಟಕ, ಹಾಡಿಗೆಂದು ಒಂದು ಬೀರು, ಒಂದು ವಹಿ, ವರ್ಷಕ್ಕೊಂದು ಪುಟ್ಟ ವಸ್ತುಪ್ರದರ್ಶನ ಕೇಳುವುದು ಅತಿಯಾಸೆಯಲ್ಲ.

ಓದುಗರಲ್ಲಿ ನನ್ನದೊಂದು ಬೇಡಿಕೆ. ನಿಮ್ಮ ಮನೆಯ ಅಟ್ಟದಲ್ಲಿ ಹಳೆಯ ಕರಪತ್ರ, ವೇಷದ ಫೋಟೊ, ಕ್ಯಾಸೆಟ್ಟು ಇದ್ದರೆ ಗುಜರಿಗೆ ಹಾಕಬೇಡಿ. ಮನೆಯ ಹಿರಿಯರು ಇರುವಾಗಲೇ ಕೇಳಿ, ಫೋಟೊದ ಹಿಂದೆ ಮೆತ್ತನೆಯ ಪೆನ್ಸಿಲಿನಲ್ಲಿ ಯಾರು, ಯಾವ ವೇಷ, ಯಾವ ಊರು, ಯಾವ ವರ್ಷ ಎಂದು ಬರೆಯಿರಿ. ಕ್ಯಾಸೆಟ್ಟನ್ನು ಈ ವರ್ಷವೇ ಡಿಜಿಟಲ್ ಪ್ರತಿ ಮಾಡಿಸಿ, ಮೂಲವನ್ನೂ ಇಟ್ಟುಕೊಳ್ಳಿ. ಆಮೇಲೆ ನಿಮ್ಮ ಊರಿನ ಗ್ರಂಥಾಲಯಕ್ಕೆ ಹೋಗಿ, "ಇದನ್ನು ಕೊಡುತ್ತೇನೆ, ನಿಮ್ಮ ವಹಿಯಲ್ಲಿ ಬರೆದುಕೊಂಡು ನನಗೊಂದು ರಸೀದಿ ಕೊಡಿ" ಎಂದು ಕೇಳಿ. ಜಾಗವಿಲ್ಲ ಎಂದರೆ ಮತ್ತೆ ಹೋಗಿ ಕೇಳಿ.