ಅಂಗೈಯ ಗಣಕವೂ ಅಂಗಳದ ದೂರದರ್ಶಕವೂ

ಜಗಳೂರು ಸೀಮೆಯು ಮಳೆಗೆ ಬಡವಾದರೂ ಆಕಾಶಕ್ಕೆ ಬಡವಲ್ಲ. ಮಹಾನಗರಗಳ ದೀಪದ ಪ್ರಭೆಯಿಂದ ದೂರವಿರುವ ಈ ಬಯಲುನಾಡಿನಲ್ಲಿ, ಅದರಲ್ಲಿಯೂ ಕೊಂಡುಕುರಿಗಳ ನೆಲೆಯಾದ ರಂಗಯ್ಯನದುರ್ಗದ ಅರಣ್ಯದ ಕಡೆಗೆ ಸಾಗಿದರೆ, ಕಾರ್ತಿಕ ಮಾಸದಿಂದ ಫಾಲ್ಗುಣದವರೆಗಿನ ಅಮಾವಾಸ್ಯೆಯ ರಾತ್ರಿಗಳಲ್ಲಿ ನಕ್ಷತ್ರಗಳು ಕಾಳು ಚೆಲ್ಲಿದಂತೆ ಕಾಣುತ್ತವೆ. ಮಳೆ ಕಡಿಮೆಯೆಂದು ನಾವು ಕೊರಗುವ ಅದೇ ಒಣ ಹವೆಯು ಖಗೋಳ ವೀಕ್ಷಕನಿಗೆ ವರವಾಗಿದೆ. ಈ ವರವನ್ನು ನಮ್ಮ ವಿದ್ಯಾರ್ಥಿಗಳು ಎಷ್ಟರಮಟ್ಟಿಗೆ ಬಳಸಿಕೊಳ್ಳುತ್ತಿದ್ದಾರೆ ಎಂಬ ಪ್ರಶ್ನೆಯೇ ಈ ಲೇಖನಕ್ಕೆ ಪ್ರೇರಣೆ.

ಲೇಖಕನು ಹಿಂದೆ ಸೇವೆ ಸಲ್ಲಿಸಿದ ಶಾಲೆಯೊಂದಕ್ಕೆ ಉದಾರಿಗಳೊಬ್ಬರು ೧೩೦ ಮಿ.ಮೀ. ದರ್ಪಣವುಳ್ಳ ದೂರದರ್ಶಕವನ್ನು ಕಾಣಿಕೆಯಾಗಿ ಕೊಟ್ಟರು. ಮೊದಲ ವಾರ ಉತ್ಸಾಹಕ್ಕೆ ಕೊನೆಯಿರಲಿಲ್ಲ. ಚಂದ್ರನ ಕುಳಿಗಳನ್ನೂ ಶನಿಯ ಬಳೆಯನ್ನೂ ಎಲ್ಲರೂ ಕಂಡರು. ಅನಂತರ ದೇವಯಾನಿ ಬ್ರಹ್ಮಾಂಡವನ್ನು ತೋರಿಸುವುದಾಗಿ ಹೇಳಿ ಲೇಖಕನೇ ಮುಕ್ಕಾಲು ಗಂಟೆ ತಡಕಾಡಿದ್ದಾಯಿತು. ಸಾಲಿನಲ್ಲಿ ನಿಂತಿದ್ದ ಮಕ್ಕಳು ಒಬ್ಬೊಬ್ಬರಾಗಿ ಕುಳಿತರು; ಕುಳಿತವರು ಮಲಗಿದರು. ದೂರದರ್ಶಕವು ಬೀರುವಿನೊಳಗೆ ಸೇರಿತು. ದೋಷ ಉಪಕರಣದ್ದಲ್ಲ, ಆಕಾಶದ್ದೂ ಅಲ್ಲ. ಹುಡುಕುವ ವಿಧಾನವನ್ನು ತಿಳಿಯದ ನಮ್ಮದು.

ಹುಡುಕಾಟದ ಕಷ್ಟವೇನು?

ದೂರದರ್ಶಕವು ದೂರದ್ದನ್ನು ಹತ್ತಿರಕ್ಕೆ ತರುವುದೇನೋ ಸರಿ. ಆದರೆ ಅದು ನೋಟವನ್ನು ಬಹಳ ಕಿರಿದುಗೊಳಿಸುತ್ತದೆ. ೬೫೦ ಮಿ.ಮೀ. ಸಂಗಮದೂರದ ದರ್ಪಣಕ್ಕೆ ೨೫ ಮಿ.ಮೀ. ನೇತ್ರಮಸೂರವನ್ನು ಜೋಡಿಸಿದರೆ ವರ್ಧನವು ೨೬ ಪಟ್ಟು. ಆಗ ಕಾಣುವ ಆಕಾಶದ ತುಣುಕು ಸುಮಾರು ೨ ಡಿಗ್ರಿ ಅಗಲದ್ದು. ನಾಲ್ಕು ಪೂರ್ಣಚಂದ್ರರನ್ನು ಸಾಲಾಗಿ ಇಟ್ಟರೆ ಎಷ್ಟು ಅಗಲವೋ ಅಷ್ಟು. ನಮ್ಮ ತಲೆಯ ಮೇಲಿನ ಅರ್ಧಗೋಲದಲ್ಲಿ ಇಂತಹ ತುಣುಕುಗಳು ೬,೫೦೦ಕ್ಕೂ ಹೆಚ್ಚು. ಅವುಗಳಲ್ಲಿ ಒಂದರಲ್ಲಿ ಮಾತ್ರ ನಮಗೆ ಬೇಕಾದ ಮಸುಕಾದ ನೀಹಾರಿಕೆ ಇರುತ್ತದೆ. ಅಷ್ಟೇ ಅಲ್ಲ, ಭೂಮಿಯು ಗಂಟೆಗೆ ೧೫ ಡಿಗ್ರಿ ತಿರುಗುವುದರಿಂದ ನೋಟದ ನಡುವೆ ಇಟ್ಟ ನಕ್ಷತ್ರವು ನಾಲ್ಕೇ ನಿಮಿಷಗಳಲ್ಲಿ ಅಂಚನ್ನು ಸೇರಿ ಮರೆಯಾಗುತ್ತದೆ.

ದೊಡ್ಡ ವೀಕ್ಷಣಾಲಯಗಳಲ್ಲಿ ಈ ಕಷ್ಟವನ್ನು ಯಂತ್ರಗಳು ವಹಿಸಿಕೊಂಡಿವೆ. ಲಡಾಖಿನ ಹಾನ್ಲೆಯಲ್ಲಿ ಸುಮಾರು ೪,೫೦೦ ಮೀಟರ್ ಎತ್ತರದಲ್ಲಿರುವ ೨ ಮೀಟರ್ ವ್ಯಾಸದ ಹಿಮಾಲಯನ್ ಚಂದ್ರ ದೂರದರ್ಶಕವನ್ನು ನಮ್ಮ ಕರ್ನಾಟಕದ ಹೊಸಕೋಟೆಯಲ್ಲಿ ಕುಳಿತು ಉಪಗ್ರಹ ಸಂಪರ್ಕದ ಮೂಲಕ ತಿರುಗಿಸುತ್ತಾರೆ. ಶಾಲೆಯ ಅಂಗಳದಲ್ಲಿರುವುದು ಮೋಟಾರಿಲ್ಲದ, ಕೈಯಿಂದಲೇ ತಳ್ಳುವ ಉಪಕರಣ. ಆದರೆ ಎಲ್ಲಿಗೆ ತಿರುಗಿಸಬೇಕೆಂಬ ಲೆಕ್ಕವನ್ನು ಮಾಡಬಲ್ಲ ಗಣಕವು ಇಂದು ಬಹುಮಂದಿಯ ಜೇಬಿನಲ್ಲಿಯೇ ಇದೆ. ತಳ್ಳುವ ಕೆಲಸ ಕೈಗೆ, ಲೆಕ್ಕದ ಕೆಲಸ ಗಣಕಕ್ಕೆ ಎಂದು ಹಂಚಿಕೊಂಡರೆ ಹೆಚ್ಚಿನ ವೆಚ್ಚವಿಲ್ಲದೆ ಕಾರ್ಯ ಸಾಧ್ಯ.

ಗಣಕವು ಮಾಡುವ ಲೆಕ್ಕ

ಭೂಮಿಯ ಮೇಲಿನ ಊರಿಗೆ ಅಕ್ಷಾಂಶ, ರೇಖಾಂಶಗಳಿರುವಂತೆ ನಕ್ಷತ್ರಕ್ಕೂ ಎರಡು ಅಂಕಗಳ ವಿಳಾಸವಿದೆ. ಖಗೋಳದ ವಿಷುವದ್ವೃತ್ತದಿಂದ ಅದು ಉತ್ತರಕ್ಕೋ ದಕ್ಷಿಣಕ್ಕೋ ಎಷ್ಟು ದೂರವೆಂಬುದು ಕ್ರಾಂತಿ. ಆ ವೃತ್ತದ ಗುಂಟ ಪೂರ್ವಕ್ಕೆ ಎಷ್ಟು ದೂರವೆಂಬುದು ವಿಷುವದಂಶ. ಈ ವಿಳಾಸವು ಜಗಳೂರಿಗೂ ಲಂಡನ್ನಿಗೂ ಒಂದೇ. ಅಂಗಳದಲ್ಲಿ ನಿಂತವನಿಗೆ ಬೇಕಾದುದು ಬೇರೆಯೇ ಎರಡು ಅಂಕಗಳು: ಕ್ಷಿತಿಜದಿಂದ ಎಷ್ಟು ಮೇಲೆ ಎಂಬ ಉನ್ನತಿ, ಉತ್ತರ ದಿಕ್ಕಿನಿಂದ ಎಷ್ಟು ಹೊರಳಬೇಕು ಎಂಬ ದಿಗಂಶ. ಇವೆರಡೂ ಊರಿಗೆ ತಕ್ಕಂತೆ, ಕ್ಷಣಕ್ಕೆ ತಕ್ಕಂತೆ ಬದಲಾಗುತ್ತವೆ. ಮೊದಲ ವಿಳಾಸವನ್ನು ಎರಡನೆಯದಕ್ಕೆ ಪರಿವರ್ತಿಸುವುದು ಗೋಲತ್ರಿಕೋನಮಿತಿಯ ಲೆಕ್ಕ. ಕಾಗದದ ಮೇಲೆ ಅದಕ್ಕೆ ಹತ್ತಾರು ನಿಮಿಷ ಬೇಕು; ಗಣಕಕ್ಕೆ ಕಣ್ಣೆವೆ ಇಕ್ಕುವಷ್ಟೂ ಬೇಡ.

ಲೆಕ್ಕಕ್ಕೆ ಊರಿನ ಸ್ಥಾನವನ್ನು ಸರಿಯಾಗಿ ಕೊಡಬೇಕು. ಜಗಳೂರಿನ ಅಕ್ಷಾಂಶ ಸುಮಾರು ೧೪.೫ ಡಿಗ್ರಿ ಉತ್ತರ, ರೇಖಾಂಶ ಸುಮಾರು ೭೬.೩ ಡಿಗ್ರಿ ಪೂರ್ವ. ನಮ್ಮ ಗಡಿಯಾರವಾದರೋ ೮೨.೫ ಡಿಗ್ರಿ ರೇಖಾಂಶಕ್ಕೆ ಸೇರಿದ್ದು. ಆದುದರಿಂದ ದೇಶದ ಗಡಿಯಾರಕ್ಕಿಂತ ಜಗಳೂರಿನ ಆಕಾಶವು ಸುಮಾರು ೨೫ ನಿಮಿಷ ಹಿಂದೆ ನಡೆಯುತ್ತದೆ. ಈ ವ್ಯತ್ಯಾಸವನ್ನು ಮರೆತರೆ ವಿಷುವದ್ವೃತ್ತದ ಬಳಿಯ ನಕ್ಷತ್ರವು ೬ ಡಿಗ್ರಿಗೂ ಮಿಕ್ಕಿ ತಪ್ಪಿಹೋಗುತ್ತದೆ. ಎಂದರೆ ದೂರದರ್ಶಕದ ನೋಟದ ಮೂರು ಪಟ್ಟು.

ಎರಡು ಉದಾಹರಣೆಗಳನ್ನು ನೋಡೋಣ. ದೇವಯಾನಿ ಬ್ರಹ್ಮಾಂಡದ ಕ್ರಾಂತಿ ೪೧.೩ ಡಿಗ್ರಿ ಉತ್ತರ. ನವೆಂಬರ್ ತಿಂಗಳ ಮಧ್ಯದಲ್ಲಿ ರಾತ್ರಿ ಸುಮಾರು ಒಂಬತ್ತೂವರೆ ಗಂಟೆಗೆ ಅದು ನಮ್ಮ ಮಧ್ಯಾಹ್ನರೇಖೆಯನ್ನು ದಾಟುತ್ತದೆ. ಆಗ ದೂರದರ್ಶಕವನ್ನು ನೇರ ಉತ್ತರಕ್ಕೆ ತಿರುಗಿಸಿ ಸುಮಾರು ೬೩ ಡಿಗ್ರಿ ಎತ್ತಿದರೆ ಸಾಕು. ಇನ್ನೊಂದು, ಕಿನ್ನರ ಮಂಡಲದ ಒಮೆಗಾ ಸೆಂಟಾರಿ ಎಂಬ ಮಹಾ ನಕ್ಷತ್ರಗುಚ್ಛ. ಅದರ ಕ್ರಾಂತಿ ೪೭.೫ ಡಿಗ್ರಿ ದಕ್ಷಿಣ. ಲಂಡನ್ನಿನಲ್ಲಿ ಅದು ಎಂದಿಗೂ ಉದಯಿಸುವುದಿಲ್ಲ. ಜಗಳೂರಿನಲ್ಲಿಯಾದರೆ ಮೇ ಮಧ್ಯದಲ್ಲಿ ರಾತ್ರಿ ಹತ್ತೂಕಾಲು ಗಂಟೆಯ ಸುಮಾರಿಗೆ ನೇರ ದಕ್ಷಿಣದಲ್ಲಿ ೨೮ ಡಿಗ್ರಿ ಮೇಲೇರಿ ನಿಲ್ಲುತ್ತದೆ. ಶಾಲೆಗೆ ಆಗ ಬೇಸಿಗೆಯ ರಜೆ ಎಂಬುದೊಂದೇ ಕೊರತೆ!

ಕೈಗಣಕದ ಕಥೆ

ತ್ರಿಕೋನಮಿತಿಯ ಲೆಕ್ಕ ಮಾಡುವ ಕೈಯಳತೆಯ ಯಂತ್ರವು ಬಂದುದು ೧೯೭೨ರಲ್ಲಿ, ಹ್ಯೂಲೆಟ್ ಪ್ಯಾಕರ್ಡ್ ಸಂಸ್ಥೆಯ ಎಚ್‌ಪಿ-೩೫ ರೂಪದಲ್ಲಿ. ಎರಡು ವರ್ಷಗಳ ಬಳಿಕ ಬಂದ ಎಚ್‌ಪಿ-೬೫ಕ್ಕೆ ಲೆಕ್ಕದ ಕ್ರಮವನ್ನೇ ಕಲಿಸಿಡಬಹುದಾಗಿತ್ತು. ೧೯೯೬ರಲ್ಲಿ ಪಾಮ್ ಪೈಲಟ್ ಎಂಬ ಅಂಗೈ ಗಣಕವು ಬಂದ ಮೇಲೆ ನಕ್ಷತ್ರ ನಕ್ಷೆಯೇ ಹವ್ಯಾಸಿಗಳ ಕೈಯೊಳಗೆ ಬಂದಿತು. ಈ ಕಥೆಯಲ್ಲಿ ಕನ್ನಡ ನಾಡಿಗೂ ಒಂದು ಗೌರವದ ಸ್ಥಾನವಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಎನ್‌ಕೋರ್ ಸಂಸ್ಥೆಯ ತಂತ್ರಜ್ಞರೊಡನೆ ಸೇರಿ ರೂಪಿಸಿದ ಸಿಂಪ್ಯೂಟರ್ ಎಂಬ ಅಗ್ಗದ ಕೈಗಣಕವು ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ತಯಾರಾಗಿ ೨೦೦೪ರಲ್ಲಿ ಅಮಿಡಾ ಎಂಬ ಹೆಸರಿನಿಂದ ಮಾರುಕಟ್ಟೆಗೆ ಬಂದಿತು. ಕೈಯನ್ನು ವಾಲಿಸಿದುದನ್ನು ಅರಿಯುವ ಸಂವೇದಕವು ಅದರಲ್ಲಿತ್ತು. ವ್ಯಾಪಾರದಲ್ಲಿ ಅದು ನಿಲ್ಲಲಿಲ್ಲ. ಆದರೆ ಅಂತಹುದೇ ಸಂವೇದಕವು ಇಂದು ಪ್ರತಿಯೊಂದು ಸ್ಮಾರ್ಟ್‌ಫೋನಿನಲ್ಲಿಯೂ ಇದೆ. ಫ್ರಾನ್ಸಿನ ಫಾಬಿಯನ್ ಶೆರೊ ಅವರು ಆರಂಭಿಸಿದ ಸ್ಟೆಲ್ಲೇರಿಯಂನಂತಹ ತಂತ್ರಾಂಶಗಳು ಫೋನಿನ ಪರದೆಯನ್ನೇ ಪುಟ್ಟ ತಾರಾಲಯವಾಗಿಸಿವೆ.

ಅಂಗಳದಲ್ಲಿ ಅನುಸರಿಸಬಹುದಾದ ವಿಧಾನಗಳು

ಫೋನನ್ನು ದೂರದರ್ಶಕದ ಕೊಳವೆಗೆ ಕಟ್ಟಿದರೆ ಸಾಲದೆ ಎಂದು ಹಲವರು ಕೇಳುವುದುಂಟು. ಸಾಲದು. ಉನ್ನತಿಯನ್ನು ಫೋನು ಭೂಮಿಯ ಗುರುತ್ವದಿಂದ ಅಳೆಯುವುದರಿಂದ ಆ ಅಂಕವು ಬಹುಮಟ್ಟಿಗೆ ನಂಬಲರ್ಹ. ದಿಗಂಶವನ್ನು ಅದು ತಿಳಿಯುವುದು ಕಾಂತಸೂಚಿಯಿಂದ. ಸಮೀಪದಲ್ಲಿ ಕಬ್ಬಿಣದ ತಿರುಪು, ಉಕ್ಕಿನ ಕೊಳವೆ ಇದ್ದರೆ ಅದು ಹಲವು ಡಿಗ್ರಿಗಳಷ್ಟು ದಾರಿ ತಪ್ಪುತ್ತದೆ. ನಮ್ಮ ನೋಟದ ಅಗಲವೋ ಎರಡೇ ಡಿಗ್ರಿ.

ಆದುದರಿಂದ ಶಾಲೆಗಳಿಗೆ ಸೂಕ್ತವಾದುದು ಈ ಸರಳ ಕ್ರಮ. ಅಮೆರಿಕದ ಜಾನ್ ಡಾಬ್ಸನ್ ಅವರು ಬಳಕೆಗೆ ತಂದ ಮಾದರಿಯಲ್ಲಿ, ಮರದ ಪೀಠದ ಮೇಲೆ ಸುತ್ತುವ ದೂರದರ್ಶಕವನ್ನು ಆರಿಸಿಕೊಳ್ಳಬೇಕು. ಪೀಠಕ್ಕೆ ೩೪೪ ಮಿ.ಮೀ. ವ್ಯಾಸದ ದುಂಡು ಹಲಗೆಯನ್ನು ಬಡಗಿಯಿಂದ ಮಾಡಿಸಿದರೆ ಅದರ ಸುತ್ತಳತೆ ೧,೦೮೦ ಮಿ.ಮೀ. ಆಗುತ್ತದೆ, ಒಂದು ಡಿಗ್ರಿಗೆ ಸರಿಯಾಗಿ ೩ ಮಿ.ಮೀ. ಉದ್ದನೆಯ ಕಾಗದದ ಪಟ್ಟಿಯ ಮೇಲೆ ವಿದ್ಯಾರ್ಥಿಗಳೇ ೩೬೦ ಗೆರೆಗಳನ್ನೆಳೆದು ಅಂಟಿಸಬಹುದು. ಇದು ದಿಗಂಶದ ಅಳತೆಗೋಲು. ಉನ್ನತಿಗೆ ಕೊಳವೆಯ ಮೇಲೆ ಕೋನಮಾಪಕವನ್ನೋ ಹಳೆಯ ಫೋನನ್ನೋ ಕೂರಿಸಿದರಾಯಿತು. ಪೀಠವನ್ನು ರಸಮಟ್ಟದಿಂದ ಸಮತಲಗೊಳಿಸಬೇಕು. ಅನಂತರ ಕಣ್ಣಿಗೆ ಚೆನ್ನಾಗಿ ಕಾಣುವ ರೋಹಿಣಿ, ಲುಬ್ಧಕ, ಚಿತ್ತಾ, ಸ್ವಾತಿಗಳಂತಹ ಪರಿಚಿತ ನಕ್ಷತ್ರವೊಂದನ್ನು ನೋಟದ ನಡುವೆ ತಂದು, ಗಣಕವು ಹೇಳುವ ಅಂಕಕ್ಕೂ ಪಟ್ಟಿಯ ಅಂಕಕ್ಕೂ ಇರುವ ಅಂತರವನ್ನು ಸರಿಪಡಿಸಿಕೊಳ್ಳಬೇಕು. ಆಮೇಲೆ ಬೇಕಾದ ವಸ್ತುವಿನ ಹೆಸರನ್ನು ಕೊಟ್ಟು, ಗಣಕವು ತೋರುವ ಎರಡು ಅಂಕಗಳಿಗೆ ಕೊಳವೆಯನ್ನು ತಳ್ಳಿದರೆ ಅದು ನೋಟದೊಳಗೋ ಅದರ ಅಂಚಿನಲ್ಲಿಯೋ ಸಿಕ್ಕುತ್ತದೆ. ಅಂಕಗಳು ನಿಮಿಷನಿಮಿಷಕ್ಕೂ ಬದಲಾಗುವುದರಿಂದ ಓದುವವನೊಬ್ಬ, ತಳ್ಳುವವಳೊಬ್ಬಳು ಇದ್ದರೆ ಲೇಸು. ಇದರಿಂದ ಇಬ್ಬರಿಗೂ ಕೆಲಸ ಸಿಕ್ಕಿತಷ್ಟೆ.

ಹೆಚ್ಚು ಹಣವುಳ್ಳವರಿಗೆ ಬೇರೆ ದಾರಿಗಳಿವೆ. ಎರಡೂ ಅಚ್ಚುಗಳಿಗೆ ಸುತ್ತಿನ ಎಣಿಕೆ ಮಾಡುವ ಸಂಕೇತಕಗಳನ್ನು ಜೋಡಿಸಿದರೆ ಕೊಳವೆ ಎತ್ತ ತಿರುಗಿದೆಯೆಂಬುದನ್ನು ಗಣಕವೇ ತಿಳಿಯುತ್ತದೆ. ಸುತ್ತಿಗೆ ೧೦,೦೦೦ ಎಣಿಕೆಯ ಸಂಕೇತಕವು ಒಂದು ಡಿಗ್ರಿಯ ಸುಮಾರು ಇಪ್ಪತ್ತೆಂಟನೆಯ ಒಂದು ಭಾಗವನ್ನೂ ಗುರುತಿಸಬಲ್ಲದು. ೨೦೨೦ರಲ್ಲಿ ಸೆಲೆಸ್ಟ್ರಾನ್ ಸಂಸ್ಥೆಯು ಹೊರತಂದ ವ್ಯವಸ್ಥೆ ಇನ್ನೂ ಜಾಣತನದ್ದು. ಅದರಲ್ಲಿ ಫೋನಿನ ಕ್ಯಾಮೆರಾವು ಕನ್ನಡಿಯ ಮೂಲಕ ಆಕಾಶದ ಚಿತ್ರ ತೆಗೆಯುತ್ತದೆ. ಚಿತ್ರದೊಳಗಿನ ನಕ್ಷತ್ರಗಳ ವಿನ್ಯಾಸವನ್ನು ತನ್ನ ಪಟ್ಟಿಯೊಡನೆ ಹೋಲಿಸಿ, ತಾನು ಎತ್ತ ನೋಡುತ್ತಿರುವೆನೆಂದು ಕಂಡುಕೊಂಡು, ಬಾಣದ ಗುರುತಿನಿಂದ ದಾರಿ ತೋರುತ್ತದೆ. ಕಾಂತಸೂಚಿಯ ದೋಷ ಇಲ್ಲಿ ತಟ್ಟುವುದಿಲ್ಲ.

ಯಾವ ವಿಧಾನವಾದರೂ ಮೂರು ಎಚ್ಚರಿಕೆಗಳು ಅಗತ್ಯ. ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ೨೦ರಿಂದ ೩೦ ನಿಮಿಷ ಬೇಕು. ಫೋನಿನ ಬಿಳಿ ಬೆಳಕು ಅದನ್ನು ಕ್ಷಣದಲ್ಲಿ ಕೆಡಿಸುವುದರಿಂದ ಪರದೆಯ ಮೇಲೆ ಕೆಂಪು ಹಾಳೆಯನ್ನು ಹೊದಿಸಬೇಕು. ಮಸುಕಾದ ನೀಹಾರಿಕೆಗಳಿಗೆ ಚಂದ್ರನಿಲ್ಲದ ರಾತ್ರಿಯನ್ನೇ ಆರಿಸಬೇಕು. ತರಳಬಾಳು ಹುಣ್ಣಿಮೆ ಮಹೋತ್ಸವವು ೧೯೫೦ರಲ್ಲಿ ಮೊದಲಿಗೆ ನಡೆದುದು ನಮ್ಮ ಜಗಳೂರಿನಲ್ಲಿಯೇ. ಜನ ಕೂಡಲು ಹುಣ್ಣಿಮೆಯಷ್ಟು ಒಳ್ಳೆಯ ರಾತ್ರಿಯಿಲ್ಲ, ನೀಹಾರಿಕೆ ಕಾಣಲು ಅದರಷ್ಟು ಕೆಟ್ಟ ರಾತ್ರಿಯೂ ಇಲ್ಲ. ಮೂರನೆಯದಾಗಿ, ಹಗಲಿನಲ್ಲಿ ದೂರದರ್ಶಕವನ್ನು ಸೂರ್ಯನ ಕಡೆಗೆ ತಿರುಗಿಸಲೇ ಕೂಡದು. ಕ್ಷಣಮಾತ್ರದಲ್ಲಿ ದೃಷ್ಟಿಯೇ ಹೋದೀತು.

ಯಂತ್ರವೋ, ಬುದ್ಧಿಯೋ?

ಯಂತ್ರವೇ ದಾರಿ ತೋರಿದರೆ ಮಕ್ಕಳು ಆಕಾಶವನ್ನು ಕಲಿಯುವುದೆಂತು ಎಂಬ ಶಂಕೆ ಹಿರಿಯ ಅಧ್ಯಾಪಕರಲ್ಲಿದೆ. ಅದು ನಿರಾಧಾರವಲ್ಲ. ಗಣಕ ಹೇಳಿದ ಅಂಕಕ್ಕೆ ತಳ್ಳಿ, ಕಂಡುದನ್ನು ಎಣಿಸಿ ಮನೆಗೆ ಹೋಗುವ ಬಾಲಕನು ಸಪ್ತರ್ಷಿ ಮಂಡಲವನ್ನೂ ಗುರುತಿಸಲಾರದೆ ಉಳಿಯಬಹುದು. ಆದರೆ ಈ ಪ್ರಶ್ನೆ ಹೊಸದಲ್ಲ. ಭಾಸ್ಕರಾಚಾರ್ಯರು ೧೧೫೦ರಲ್ಲಿ ರಚಿಸಿದ ಸಿದ್ಧಾಂತ ಶಿರೋಮಣಿಯ ಯಂತ್ರಾಧ್ಯಾಯದಲ್ಲಿ ಸೂರ್ಯನ ಉನ್ನತಿಯಿಂದ ಹೊತ್ತನ್ನು ಲೆಕ್ಕ ಹಾಕುವ ಫಲಕಯಂತ್ರವನ್ನು ವರ್ಣಿಸಿದ್ದಾರೆ. ಗೆರೆಗಳನ್ನು ಕೊರೆದ ಆ ಹಲಗೆಯನ್ನು ಅಂದಿನ ಗಣಕವೆಂದೇ ಕರೆಯಬಹುದು. ಅದೇ ಅಧ್ಯಾಯದಲ್ಲಿ ಅವರು ಬರಿಯ ಕೋಲೊಂದನ್ನು ಹಿಡಿದು ಬುದ್ಧಿಯಿಂದಲೇ ಅಳೆಯುವ ಧೀಯಂತ್ರಕ್ಕೆ ಎಲ್ಲಕ್ಕಿಂತ ಮಿಗಿಲಾದ ಸ್ಥಾನವನ್ನು ಕೊಟ್ಟಿದ್ದಾರೆ. ಯಂತ್ರವನ್ನು ತ್ಯಜಿಸಿರೆಂದಲ್ಲ, ಬುದ್ಧಿಯನ್ನು ಯಂತ್ರಕ್ಕೆ ಒಪ್ಪಿಸದಿರಿ ಎಂಬುದು ಅದರಿಂದ ನಾವು ಗ್ರಹಿಸಬೇಕಾದುದು.

ಮೇಲೆ ಹೇಳಿದ ಸರಳ ಕ್ರಮದ ಗುಣವೇ ಇದು. ಮೊದಲ ನಕ್ಷತ್ರವನ್ನು ವಿದ್ಯಾರ್ಥಿಯು ತಾನೇ ಗುರುತಿಸದಿದ್ದರೆ ಗಣಕವು ಒಂದು ಹೆಜ್ಜೆಯನ್ನೂ ಮುಂದಿಡದು. ರೋಹಿಣಿಯೆಂದು ಭ್ರಮಿಸಿ ಆರ್ದ್ರೆಯ ಮೇಲೆ ಸರಿಮಾಡಿದರೆ ಉಳಿದುದೆಲ್ಲ ತಪ್ಪುತ್ತದೆ. ತಪ್ಪಿದುದು ಕೂಡಲೇ ತಿಳಿಯುತ್ತದೆ. ಇದಕ್ಕಿಂತ ಒಳ್ಳೆಯ ಪಾಠ ಯಾವುದು?

ನಮ್ಮ ಮಕ್ಕಳಲ್ಲಿ ಬಹುಪಾಲು ರೈತರ ಮನೆಯವರು. ರೋಹಿಣಿ, ಮೃಗಶಿರ, ಆರಿದ್ರ, ಪುನರ್ವಸು ಎಂದು ಮಳೆಗಳ ಹೆಸರುಗಳನ್ನು ಅಜ್ಜಂದಿರಿಂದ ಕೇಳಿಯೇ ಬೆಳೆದವರು. ಆದರೆ ಆ ನಕ್ಷತ್ರಗಳನ್ನು ಕಂಡವರು ಎಷ್ಟು ಮಂದಿ? ಸೂರ್ಯನು ಆ ನಕ್ಷತ್ರದಲ್ಲಿರುವ ಕಾಲವೇ ಆ ಮಳೆಯ ಕಾಲವಾದುದರಿಂದ, ಆರಿದ್ರ ಮಳೆ ಸುರಿಯುವಾಗ ಆರ್ದ್ರಾ ನಕ್ಷತ್ರವು ಸೂರ್ಯನ ಪ್ರಭೆಯಲ್ಲಿ ಅಡಗಿರುತ್ತದೆ. ಅದನ್ನು ಕಾಣಬೇಕಾದರೆ ಮಾಗಿಯ ಚಳಿಯಲ್ಲಿ ಮಹಾವ್ಯಾಧನ ಹೆಗಲಿನತ್ತ ನೋಡಬೇಕು. ಅಜ್ಜನ ಮಾತಿಗೂ ಮೊಮ್ಮಗಳ ಕಣ್ಣಿಗೂ ನಡುವೆ ಕಡಿದುಹೋಗುತ್ತಿರುವ ಎಳೆಯನ್ನು ಆ ಕೆಂಪು ತಾರೆಯ ಒಂದು ದರ್ಶನವು ಮತ್ತೆ ಬೆಸೆಯಬಲ್ಲದು.

ದಾನಿಗಳಲ್ಲಿಯೂ ಹಳೆಯ ವಿದ್ಯಾರ್ಥಿಗಳಲ್ಲಿಯೂ ಒಂದು ವಿನಂತಿ. ಶಾಲೆಗೆ ದೂರದರ್ಶಕವನ್ನು ಕೊಡುವವರು ಅದರೊಡನೆ ಬಳಕೆ ಬಿಟ್ಟ ಒಂದು ಫೋನನ್ನೂ, ಸಾಧ್ಯವಾದರೆ ವರ್ಷಕ್ಕೆ ನಾಲ್ಕು ಅಮಾವಾಸ್ಯೆಯ ರಾತ್ರಿಗಳನ್ನೂ ಕೊಡಲಿ. ಅಧ್ಯಾಪಕರು ಬೀರುವಿನ ಬೀಗವನ್ನು ತೆಗೆಯಲಿ. ಉಪಕರಣಕ್ಕೆ ಧೂಳಿನಿಂದಾಗುವ ಹಾನಿಗಿಂತ ಕತ್ತಲೆ ಕೋಣೆಯಲ್ಲಿ ಸುಮ್ಮನಿರುವುದರಿಂದ ಮಕ್ಕಳಿಗಾಗುವ ನಷ್ಟ ದೊಡ್ಡದು. ಆಕಾಶವಂತೂ ಪ್ರತಿ ರಾತ್ರಿಯೂ ತೆರೆದೇ ಇದೆ.