ಕೆರೆ ದಂಡೆಯ ಸೇತುವೆ ಪಲ್ಟನ್

2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್‌ಮಲೆಗಳಲ್ಲಿ ಗುಡ್ಡ ಕುಸಿದು ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಎರಡು ಊರುಗಳ ನಡುವಿನ ಸೇತುವೆಯೂ ಕೊಚ್ಚಿಹೋಯಿತು. ಆಚೆ ದಡಕ್ಕೆ ಜೆಸಿಬಿ ಹೋಗುವಂತಿರಲಿಲ್ಲ, ಆಂಬುಲೆನ್ಸ್ ಹೋಗುವಂತಿರಲಿಲ್ಲ. ಆಗಸ್ಟ್ 1ರ ಸಂಜೆ ಹೊತ್ತಿಗೆ ಅದೇ ಹೊಳೆಯ ಮೇಲೆ 190 ಅಡಿ ಉದ್ದದ, 24 ಟನ್ ಭಾರ ತಡೆಯುವ ಉಕ್ಕಿನ ಸೇತುವೆ ನಿಂತಿತ್ತು. ಕೆಲಸದ ಮುಂದಾಳತ್ವ ವಹಿಸಿದ್ದ ಮೇಜರ್ ಸೀತಾ ಶೆಳ್ಕೆ ಸೇತುವೆಯ ಮೇಲೆ ನಿಂತ ಚಿತ್ರವನ್ನು ದೇಶವೆಲ್ಲ ನೋಡಿತು. ಆ ತಂಡ ಹೊರಟಿದ್ದು ನಮ್ಮ ಬೆಂಗಳೂರಿನ ಹಲಸೂರಿನಿಂದ, ಮದ್ರಾಸ್ ಎಂಜಿನಿಯರ್ ಗ್ರೂಪಿನಿಂದ (ಎಂ.ಇ.ಜಿ.) ಎಂಬುದನ್ನು ಮಾತ್ರ ಬೆಂಗಳೂರಿಗರೇ ಅಷ್ಟಾಗಿ ಗಮನಿಸಲಿಲ್ಲ.

ಹಲಸೂರು ಕೆರೆಯ ಪಕ್ಕ ದಿನವೂ ಓಡಾಡುವವರಿಗೆ ಎಂ.ಇ.ಜಿ. ಅಂದರೆ ಉದ್ದನೆಯ ಕಾಂಪೌಂಡು, ಸುಣ್ಣ ಬಳಿದ ಮರದ ಬುಡಗಳು, ಗೇಟಿನಲ್ಲಿ ಬಂದೂಕು ಹಿಡಿದ ಜವಾನ. ಕೆರೆಯಲ್ಲಿ ಬೆಳಗ್ಗೆ ಹುಟ್ಟು ಹಾಕುತ್ತಾ ದೋಣಿ ಅಭ್ಯಾಸ ಮಾಡುವ ಹುಡುಗರು ಯಾರೆಂದು ಕೇಳಿದರೆ 'ಮಿಲಿಟ್ರಿಯವರು' ಎನ್ನುತ್ತಾರೆ, ಅಷ್ಟೆ. ಸೇನೆಯಲ್ಲಿ ಇವರನ್ನು ಪ್ರೀತಿಯಿಂದ ಕರೆಯುವುದು 'ತಂಬಿ'ಗಳೆಂದು. ಕನ್ನಡ, ತಮಿಳು, ತೆಲುಗು, ಮಲಯಾಳ ಮನೆಮಾತಿನ ಹುಡುಗರು ಒಂದೇ ಬ್ಯಾರಕ್ಕಿನಲ್ಲಿ ಮಲಗಿ ಎದ್ದು ಸ್ಯಾಪರ್‌ಗಳಾಗುವ, ಅಂದರೆ ಸೇನೆಯ ಎಂಜಿನಿಯರಿಂಗ್ ಯೋಧರಾಗುವ ಜಾಗ ಇದು.

ಇದರ ಹುಟ್ಟಿನಲ್ಲೇ ನಮ್ಮ ನಾಡಿನ ಕಥೆ ಸೇರಿದೆ. 1780ರ ಸೆಪ್ಟೆಂಬರ್ 10ರಂದು ಪೊಳ್ಳಿಲೂರಿನಲ್ಲಿ ಹೈದರ್ ಮತ್ತು ಟಿಪ್ಪುವಿನ ಸೈನ್ಯ ಈಸ್ಟ್ ಇಂಡಿಯಾ ಕಂಪನಿಯ ಪಡೆಯನ್ನು ಬಗ್ಗುಬಡಿಯಿತು. ಇಪ್ಪತ್ತೇ ದಿನಕ್ಕೆ, ಸೆಪ್ಟೆಂಬರ್ 30ರಂದು, ಮದ್ರಾಸಿನಲ್ಲಿ ಪಯನಿಯರ್‌ಗಳ ಎರಡು ತುಕಡಿ ಹುಟ್ಟಿಕೊಂಡವು. ಸೈನ್ಯದ ಮುಂದೆ ನಡೆದು ಕಾಡು ಕಡಿಯುವುದು, ದಾರಿ ಮಾಡುವುದು, ಹಳ್ಳ ದಾಟಿಸುವುದು ಇವರ ಕೆಲಸ. 1799ರಲ್ಲಿ ಶ್ರೀರಂಗಪಟ್ಟಣದ ಕೋಟೆಗೆ ಮುತ್ತಿಗೆ ಹಾಕಿದವರಲ್ಲಿಯೂ ಇವರಿದ್ದರು. ಮೈಸೂರಿನ ಎದುರು ಕಟ್ಟಿದ ಪಡೆ ಹತ್ತೊಂಬತ್ತನೇ ಶತಮಾನದಲ್ಲಿ ಮೈಸೂರು ಸೀಮೆಗೇ ಬಂದು ನೆಲೆಯೂರಿತು. ಜಾವಾ, ಸಿಂಧ್, ಚೀನಾ, ಬರ್ಮಾ ಎಂದು ಅದು ಹೋಗಿ ಬಂದ ಯುದ್ಧಗಳ ಪಟ್ಟಿ ಉದ್ದವಿದೆ.

ನನ್ನನ್ನು ಈ ಪಲ್ಟನ್ನಿನ ಕಡೆಗೆ ಎಳೆದವರು ಒಬ್ಬ ನಿವೃತ್ತ ಹವಾಲ್ದಾರರು. ಬಂಗಾರಪೇಟೆ ಕಡೆಯವರು. ಈಗ ವೈಟ್‌ಫೀಲ್ಡಿನ ಅಪಾರ್ಟ್‌ಮೆಂಟ್ ಒಂದರಲ್ಲಿ ಸೆಕ್ಯೂರಿಟಿ ಸೂಪರ್‌ವೈಸರ್. ವಯನಾಡಿನ ಸೇತುವೆಯ ಮಾತು ಬಂದಾಗ ಅವರು ಗೇಟಿನ ಪಕ್ಕದ ಗೂಡಂಗಡಿಯ ಮೇಜಿನ ಮೇಲೆ ಹಾಜರಿ ಪುಸ್ತಕದ ಸ್ಕೇಲು ತೆಗೆದಿಟ್ಟರು. ಮೇಜಿನ ಅಂಚಿನಿಂದ ಅದನ್ನು ನಿಧಾನವಾಗಿ ಹೊರಕ್ಕೆ ತಳ್ಳಿದರು. ಅರ್ಧ ದಾಟುತ್ತಿದ್ದಂತೆ ಸ್ಕೇಲು ಮಗುಚಿ ಕೆಳಗೆ ಬಿತ್ತು. ಎತ್ತಿಕೊಂಡು, ಈ ಸಲ ಹಿಂದಿನ ತುದಿಯ ಮೇಲೆ ತಮ್ಮ ಮೊಬೈಲಿಟ್ಟು ತಳ್ಳಿದರು. ಸ್ಕೇಲು ಮುಕ್ಕಾಲು ಭಾಗ ಗಾಳಿಯಲ್ಲಿ ನಿಂತಿತು.

"ಇಷ್ಟೇ ಸಾರ್ ಬೇಲಿ ಬ್ರಿಡ್ಜು. ಆಚೆ ದಡದಲ್ಲಿ ಒಬ್ಬ ನರಪಿಳ್ಳೆ ಇಲ್ಲದಿದ್ರೂ ಈಚೆ ದಡದಿಂದಲೇ ತಳ್ಕೊಂಡು ಹೋಗ್ಬೋದು."

ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನ ಡೊನಾಲ್ಡ್ ಬೇಲಿ ಯೋಚಿಸಿದ ಸೇತುವೆ ಅದು. ಹತ್ತು ಅಡಿ ಉದ್ದ, ಐದು ಅಡಿ ಎತ್ತರದ ಉಕ್ಕಿನ ಚೌಕಟ್ಟುಗಳು, ಅಂದರೆ ಪ್ಯಾನೆಲ್‌ಗಳು. ಒಂದೊಂದೂ ಸುಮಾರು 260 ಕಿಲೋ. ಆರು ಜನ ಹೆಗಲು ಕೊಟ್ಟರೆ ಎತ್ತಬಹುದು, ಕ್ರೇನ್ ಬೇಡ. ಚೌಕಟ್ಟಿಗೆ ಚೌಕಟ್ಟು ಕೂಡಿಸಿ ದಪ್ಪ ಪಿನ್ನು ಬಡಿದು, ಉರುಳೆಗಳ ಮೇಲಿಟ್ಟು, ಹೊಳೆಯ ಮೇಲೆ ತಳ್ಳುತ್ತಾರೆ. ಮುಂಭಾಗದಲ್ಲಿ ಹಗುರವಾದ ಮೂತಿಯೊಂದನ್ನು ಕಟ್ಟಿರುತ್ತಾರೆ. ಹಿಂದಿನ ಭಾರ ಅದನ್ನು ಬೀಳಗೊಡುವುದಿಲ್ಲ. ಮೂತಿ ಆಚೆ ದಡ ಮುಟ್ಟಿದ ಮೇಲೆ ಅದನ್ನು ಬಿಚ್ಚಿ, ಮೇಲೆ ಹಲಗೆ ಹಾಸಿದರೆ ಲಾರಿ ಹೋಗಬಹುದು.

ಹೇಳಲು ಸುಲಭ. ಆರು ಜನರಲ್ಲಿ ಒಬ್ಬನ ಕಾಲು ಕೆಸರಿನಲ್ಲಿ ಜಾರಿದರೂ ಉಳಿದ ಐವರ ಬೆರಳು ಹೋಗುತ್ತದೆ. ಹವಾಲ್ದಾರರ ಎಡಗೈ ಉಂಗುರಬೆರಳಿನ ತುದಿ ಚಪ್ಪಟೆಯಾಗಿದೆ, ಉಗುರು ಇಲ್ಲ. ಅಭ್ಯಾಸದ ದಿನಗಳದ್ದು. "ಎಲ್ರೂ ಒಟ್ಗೆ ಎತ್ತಬೇಕು, ಒಟ್ಗೆ ಇಳಿಸಬೇಕು. ಕೂಗೋನು ಒಬ್ನೇ. ಅವನ ಬಾಯಿ ಬಿಟ್ರೆ ಬೇರೆ ಯಾರ ಬಾಯೂ ಬಿಚ್ಚಬಾರದು."

ಸ್ಯಾಪರ್ ಆದವನು ಬಂದೂಕಿನ ಜೊತೆಗೆ ಒಂದು ಕಸುಬನ್ನೂ ಕಲಿಯಬೇಕು. ಬಡಗಿ, ಗಾರೆ, ಪ್ಲಂಬಿಂಗ್, ವಿದ್ಯುತ್ ಹೀಗೆ. ಹವಾಲ್ದಾರರದು ಬಡಗಿ ಟ್ರೇಡು. ಅಪ್ಪನಿಗೆ ಹೊಲವಿತ್ತು, ಮನೆಯಲ್ಲಿ ಉಳಿ ಹಿಡಿದವರಿಲ್ಲ. ಉಳಿ, ಕೊಡತಿ, ತೋಪಡ ಎಲ್ಲವನ್ನೂ ಕಲಿಸಿದ್ದು ಪಲ್ಟನ್. ಅವರ ಮನೆಯ ದೇವರ ಮಂಟಪ ಅವರೇ ಕೊರೆದದ್ದು, ಒಂದು ಮೊಳೆಯಿಲ್ಲ, ಎಲ್ಲವೂ ಬೆಣೆಯ ಜೋಡಣೆ.

ಕಟ್ಟುವುದನ್ನು ಕಲಿತವರು ಒಡೆಯುವುದನ್ನೂ ಕಲಿತಿದ್ದರು. ದನ ತಡೆಯಲೆಂದು ಅಮೆರಿಕದ ರೈತರು ಬಳಸಿದ ಮುಳ್ಳುತಂತಿ ಯುದ್ಧಭೂಮಿಗೆ ಬಂದಾಗ ಸೈನಿಕರು ಅದಕ್ಕೆ ಸಿಕ್ಕಿಕೊಂಡು ಸಾಯತೊಡಗಿದರು. 1912ರಲ್ಲಿ ಬೆಂಗಳೂರಿನಲ್ಲಿ ಇದೇ ದಳದಲ್ಲಿದ್ದ ಕ್ಯಾಪ್ಟನ್ ಮೆಕ್ಲಿಂಟಾಕ್, ಸಿಡಿಮದ್ದು ತುಂಬಿದ ಕೊಳವೆಗಳನ್ನು ಒಂದಕ್ಕೊಂದು ಜೋಡಿಸಿ ತಂತಿಯ ಅಡಿಗೆ ದೂರದಿಂದಲೇ ತಳ್ಳುವ ಉಪಾಯ ಕಂಡುಹಿಡಿದರು. ಬೆಂಗಳೂರ್ ಟಾರ್ಪಿಡೋ ಎಂದೇ ಅದರ ಹೆಸರು. 1944ರ ಜೂನ್ 6ರಂದು ನಾರ್ಮಂಡಿಯ ಒಮಾಹಾ ದಂಡೆಯಲ್ಲಿ ಅಮೆರಿಕದ ಸೈನಿಕರು ತಂತಿಬೇಲಿ ಸೀಳಿ ಮುಂದೆ ನುಗ್ಗಿದ್ದು ಇದರಿಂದ. 'ಸೇವಿಂಗ್ ಪ್ರೈವೇಟ್ ರಯಾನ್' ಸಿನಿಮಾ ನೋಡಿದವರು ಗುಂಡಿನ ಸದ್ದಿನ ನಡುವೆ ನಮ್ಮೂರಿನ ಹೆಸರು ಕೂಗುವುದನ್ನು ಕೇಳಿಸಿಕೊಂಡಿರುತ್ತಾರೆ.

ಅದೇ 1944ರ ಫೆಬ್ರುವರಿ 24ರಂದು ಇಟಲಿಯ ಮಿನ್ಯಾನೊ ಬಳಿ ಈ ದಳದ ಸುಬೇದಾರ್ ಸುಬ್ರಮಣಿಯನ್ ನೆಲಬಾಂಬು ತೆಗೆಯುವ ತಂಡದಲ್ಲಿದ್ದರು. ಜೊತೆಗಾರನೊಬ್ಬ ಬಾಂಬು ತುಳಿದ. ಅದು ಸಿಡಿಯುವುದಕ್ಕೆ ಮೊದಲು ಸಿಗುವುದು ಕೆಲವೇ ಕ್ಷಣ. ಅಷ್ಟರಲ್ಲಿ ಅವರು ಅದರ ಮೇಲೆ ಬಿದ್ದು ತಮ್ಮ ಮೈಯನ್ನೇ ಅಡ್ಡಕೊಟ್ಟರು. ಮರಣಾನಂತರ ಅವರಿಗೆ ಜಾರ್ಜ್ ಕ್ರಾಸ್ ಬಂತು. ಅವರ ಹೆಸರನ್ನು ಹವಾಲ್ದಾರರು ಕುಳಿತಲ್ಲಿಂದ ಎದ್ದು ನಿಂತು ಹೇಳಿದರು.

ಸೈನಿಕನೆಂದರೆ ಗಡಿ ಕಾಯುವವನು ಎಂದಷ್ಟೇ ನಮ್ಮ ಮಕ್ಕಳಿಗೆ ಹೇಳಿಕೊಡುತ್ತೇವೆ. 2019ರ ಪ್ರವಾಹದಲ್ಲಿ ಬೆಳಗಾವಿ ಜಿಲ್ಲೆಯಲ್ಲಿ ಮಾಳಿಗೆ ಮೇಲೆ ಸಿಕ್ಕಿಬಿದ್ದವರ ಹತ್ತಿರ ದೋಣಿ ತೆಗೆದುಕೊಂಡು ಹೋದವರಲ್ಲಿ ಹಲಸೂರಿನ ಈ ಹುಡುಗರೂ ಇದ್ದರು. ಸಮಾಜ ಕಷ್ಟಕ್ಕೆ ಸಿಕ್ಕಾಗ ಮೊದಲು ನೆನೆಯುವುದು ಇಂಥವರನ್ನು. ನೀರು ಇಳಿದ ಮೇಲೆ ಮರೆಯುತ್ತದೆ.

ಮರೆವಿನ ಬೆಲೆ ತೆರುವವರು ನಿವೃತ್ತರು. ಜವಾನನೊಬ್ಬ ನಲವತ್ತರ ಆಸುಪಾಸಿನಲ್ಲೇ ಪೆನ್ಷನ್ ತೆಗೆದುಕೊಂಡು ಊರಿಗೆ ಬರುತ್ತಾನೆ. ಕೈಯಲ್ಲಿ ಕಸುಬಿದೆ, ಮೈಯಲ್ಲಿ ಕಸುವಿದೆ, ಆದರೆ ಎಟಿಎಮ್ಮಿನ ಸ್ಟೂಲೇ ಗತಿ. 2022ರಲ್ಲಿ ಬಂದ ಅಗ್ನಿಪಥ ಯೋಜನೆಯಲ್ಲಿ ಸೇವೆ ನಾಲ್ಕೇ ವರ್ಷ, ಆಮೇಲೆ ಉಳಿಸಿಕೊಳ್ಳುವುದು ನೂರಕ್ಕೆ ಇಪ್ಪತ್ತೈದು ಮಂದಿಯನ್ನು ಮಾತ್ರ. ಓಡುವುದು, ಗುಂಡು ಹೊಡೆಯುವುದನ್ನು ಅಷ್ಟರಲ್ಲಿ ಕಲಿಸಬಹುದು. ಕೆಸರಿನಲ್ಲಿ ನಿಂತು 260 ಕಿಲೋ ಉಕ್ಕನ್ನು ಆರು ಜನ ಒಂದೇ ಉಸಿರಿನಲ್ಲಿ ಎತ್ತುವ ಹದ ಅಷ್ಟರಲ್ಲಿ ಕೂಡಿಬರುತ್ತದೆಯೇ ಎಂಬ ಚಿಂತೆ ನನಗಿದೆ. ಹವಾಲ್ದಾರರು ಅದರ ಬಗ್ಗೆ ಏನೂ ಹೇಳಲಿಲ್ಲ. "ಹುಡುಗ್ರು ಒಳ್ಳೆಯವ್ರೇ ಬರ್ತಾರೆ ಸಾರ್" ಎಂದಷ್ಟೇ ಅಂದರು.

ನಮ್ಮ ಮಲೆನಾಡು, ಕರಾವಳಿಯ ಎಷ್ಟೋ ಹಳ್ಳಿಗಳಲ್ಲಿ ಮಕ್ಕಳು ಇಂದಿಗೂ ಮಳೆಗಾಲದಲ್ಲಿ ಅಡಿಕೆ ಮರದ ಕಾಲುಸಂಕ ಹಿಡಿದು ಶಾಲೆಗೆ ಹೋಗುತ್ತಾರೆ. ಯಾರೋ ಜಾರಿ ಹೊಳೆಪಾಲಾದ ಸುದ್ದಿ ವರ್ಷವರ್ಷವೂ ಬರುತ್ತದೆ. ಅಲ್ಲಿ ಗಟ್ಟಿ ಸಂಕ ಕಟ್ಟಬಲ್ಲ ನಿವೃತ್ತ ಸ್ಯಾಪರ್‌ಗಳು ರಾಜ್ಯದ ಉದ್ದಗಲಕ್ಕೂ ಇದ್ದಾರೆ, ಸಮವಸ್ತ್ರ ಬದಲಾಗಿದೆ ಅಷ್ಟೆ. ಜಿಲ್ಲಾಡಳಿತಗಳು ಅವರ ಹೆಸರು ಬರೆದಿಟ್ಟುಕೊಂಡು, ಮುಂಗಾರಿಗೆ ಮೊದಲು ಕರೆದು ಕೂರಿಸಿ, ಕೂಲಿ ಕೊಟ್ಟು ಕೆಲಸ ಹೇಳಬೇಕು.

ಕರೆದರೆ ಬರುತ್ತೀರಾ ಎಂದು ಹವಾಲ್ದಾರರನ್ನು ಕೇಳಿದೆ. ಒಳಬಂದ ಕಾರಿನ ನಂಬರು ಪುಸ್ತಕದಲ್ಲಿ ಬರೆದು ಮುಗಿಸಿ ಹೇಳಿದರು: "ನಮ್ಮ ಹೋಬಳಿಯಲ್ಲೇ ಹನ್ನೊಂದು ಜನ ಸ್ಯಾಪರ್‌ಗಳಿದ್ದೀವಿ ಸಾರ್. ಒಂದು ಪ್ಯಾನೆಲ್ಲಿಗೆ ಆರೇ ಜನ ಸಾಕು. ಇಲ್ಲೀಗಂಟ ಯಾರೂ ಕೇಳಿಲ್ಲ."