ಮನೆಯ ಧ್ವನಿಪೆಟ್ಟಿಗೆಯೂ ಗುಜರಿಯ ತಕ್ಕಡಿಯೂ

ದೀಪಾವಳಿಯ ಪೂರ್ವದಲ್ಲಿ ಮನೆಮನೆಗಳು ಸಾರಣೆ-ಸುಣ್ಣಗಳಿಂದ ಶುದ್ಧಿಗೊಳ್ಳುವ ದಿವಸಗಳಲ್ಲಿ, ನಮ್ಮ ಹಳ್ಳಿಖೇಡ (ಬಿ) ಪಟ್ಟಣದ ಬಾಜಾರದೊಳಗೆ ಗುಜರಿಯವನ ಬಂಡಿಯೊಂದು ನಮ್ಮೆದುರಿಗೆ ಹಾದುಹೋಯಿತು. ತುಕ್ಕು ಹಿಡಿದ ತಗಡು, ಮುರಿದ ಕುರ್ಚಿ, ತೂತುಬಿದ್ದ ಕೊಡಗಳ ನಡುವೆ ಮೊಣಕಾಲೆತ್ತರದ ಎರಡು ಸಾಗವಾನಿ ಪೆಟ್ಟಿಗೆಗಳು ಅದರಲ್ಲಿದ್ದವು. ಹಿಂದಿನ ಕಾಲದ ಸ್ಪೀಕರಗಳೆಂದು ಗುರುತಿಸುವದಕ್ಕೆ ನಮಗೆ ತಡವಾಗಲಿಲ್ಲ. ಇವುಗಳ ಗತಿ ಏನೆಂದು ಕೇಳಲು ಅವನು, “ಇದರಾಗ ಏನೂ ಇಲ್ರಿ ಸಾಹೇಬರ, ಕಟ್ಟಿಗಿ ಒಲಿಗಿ, ಚುಂಬಕ ತೂಕಕ್ಕ” ಎಂದನು. ತೂಕದ ಬೆಲೆಗಿಂತ ತುಸು ಹೆಚ್ಚು ಕೊಟ್ಟು ಆ ಜೋಡಿಯನ್ನು ನಾವು ಮನೆಗೆ ತಂದೆವು. ಅದರಿಂದ ನಾವು ಕಂಡುದನ್ನೂ ಕಲಿತುದನ್ನೂ ವಾಚಕರ ಮುಂದಿಡುವದೇ ಈ ಲೇಖನದ ಉದ್ದೇಶವಾಗಿರುವದು.

ಧ್ವನಿವರ್ಧಕವೆಂಬ ಶಬ್ದವನ್ನು ಕೇಳಿದೊಡನೆ ಸಭ್ಯ ಗೃಹಸ್ಥನು ಕಿವಿ ಮುಚ್ಚಿಕೊಳ್ಳುವ ಕಾಲವಿದು ಎಂಬುದನ್ನು ನಾವು ಬಲ್ಲೆವು. ಜಾತ್ರೆ, ಮದುವೆಯ ಮೆರವಣಿಗೆ, ಚುನಾವಣೆ, ಯಾವದಾದರೇನು, ಭೋಂಗಾ ಇಲ್ಲದೆ ಕಾರ್ಯ ಸಾಗದೆಂಬ ನಂಬಿಗೆ ನಮ್ಮ ಜನರಲ್ಲಿ ಬೇರೂರಿದೆ. ಭಾರತ ಸರಕಾರವು ೨೦೦೦ನೆಯ ಇಸವಿಯಲ್ಲಿ ಹೊರಡಿಸಿದ ಶಬ್ದಮಾಲಿನ್ಯ ನಿಯಮಗಳು, ವಾಸದ ಭಾಗದಲ್ಲಿ ಹಗಲು ೫೫ ಡೆಸಿಬೆಲ್, ರಾತ್ರಿ ೪೫ ಡೆಸಿಬೆಲ್ ಎಂದು ಮೇರೆ ಹಾಕಿವೆ. ಸರಕಾರವು ಸಾರಿದ ಕೆಲವು ಹಬ್ಬದ ದಿನಗಳ ವಿನಾ ರಾತ್ರಿ ೧೦ರಿಂದ ಬೆಳಗಿನ ೬ರ ವರೆಗೆ ಬಯಲಿನಲ್ಲಿ ಧ್ವನಿವರ್ಧಕವನ್ನು ಬಳಸಲಾಗದೆಂದು ವಿಧಿಸಿವೆ. ನಿಯಮವು ಪುಸ್ತಕದಲ್ಲಿಯೂ ಭೋಂಗಾ ಕಂಬದ ಮೇಲೆಯೂ ಇರುವದನ್ನು ಅಧಿಕಾರಿಗಳಾದ ನಮ್ಮ ವಾಚಕರಿಗೆ ನಾವು ಹೇಳಬೇಕಾದುದಿಲ್ಲ.

ಆದರೆ ಭೋಂಗಾ ಬೇರೆ, ಮನೆಯ ಸ್ಪೀಕರ ಬೇರೆ. ಒಂದರ ಧರ್ಮವು ದೂರ ಮುಟ್ಟುವದು. ಇನ್ನೊಂದರ ಧರ್ಮವು ಇದ್ದುದನ್ನು ಇದ್ದಂತೆ ಮುಟ್ಟಿಸುವದು. ಇಂಗ್ಲಂಡಿನ ಟ್ಯಾನಾಯ್ ಎಂಬ ಕಂಪನಿಯ ಹೆಸರು ಆ ದೇಶದಲ್ಲಿ ಭೋಂಗಾಕ್ಕೆ ಪರ್ಯಾಯ ಪದವೇ ಆಗಿಹೋಯಿತು. ಅದೇ ಕಂಪನಿಯು ೧೯೪೭ರಲ್ಲಿ ಹೊರತಂದ, ದೊಡ್ಡ ಶಂಕುವಿನ ನಡುವೆಯೇ ಸಣ್ಣ ಸ್ವರದ ಬಾಯಿಯನ್ನಿಟ್ಟ ಸ್ಪೀಕರವನ್ನು ಸಂಗೀತಪ್ರಿಯರು ಇಂದಿಗೂ ಅರಸಿ ಕೊಳ್ಳುತ್ತಾರೆ. ಒಂದೇ ಕೈ ಎರಡೂ ಕೆಲಸವನ್ನು ಮಾಡೀತು. ಉದ್ದೇಶ ಮಾತ್ರ ಬೇರೆಯಾಗಿರಬೇಕು.

ಹಳೆಯ ಯಂತ್ರವನ್ನು ಕೂಡಿಟ್ಟುಕೊಳ್ಳುವದು ಬರಿಯ ಹಂಬಲವಲ್ಲವೇ ಎಂದು ಕೆಲವರು ಕೇಳಬಹುದು. ಅದಕ್ಕೆ ಉತ್ತರವು ಯಂತ್ರದ ಮರ್ಮದಲ್ಲಿಯೇ ಇದೆ. ೧೯೨೫ರಲ್ಲಿ ಅಮೇರಿಕೆಯ ಜನರಲ್ ಇಲೆಕ್ಟ್ರಿಕ್ ಕಂಪನಿಯ ಚೆಸ್ಟರ್ ರೈಸ್, ಎಡ್ವರ್ಡ್ ಕೆಲಾಗ್ ಎಂಬಿಬ್ಬರು ಕಾಗದದ ಶಂಕುವಿನ ಬುಡಕ್ಕೆ ತಾಮ್ರತಂತಿಯ ಸುರುಳಿಯನ್ನು ಅಂಟಿಸಿ, ಅದನ್ನು ಲೋಹಚುಂಬಕದ ಇಕ್ಕಟ್ಟಿನಲ್ಲಿ ತೂಗಬಿಟ್ಟ ಸ್ಪೀಕರದ ವಿವರವನ್ನು ಪ್ರಕಟಿಸಿದರು. ಸುರುಳಿಯಲ್ಲಿ ವಿದ್ಯುತ್ತು ಹರಿದಂತೆ ಅದು ಹಿಂದು-ಮುಂದಾಗುವದು. ಶಂಕುವು ಗಾಳಿಯನ್ನು ತಳ್ಳುವದು. ಗಾಳಿ ಕಿವಿಯನ್ನು ತಟ್ಟುವದು. ನೂರು ವರುಷ ಕಳೆದರೂ ಬಹುತೇಕ ಸ್ಪೀಕರಗಳು ಇದೇ ತತ್ವದಿಂದ ನುಡಿಯುತ್ತವೆ. ಇಪ್ಪತ್ತು ವರುಷದ ಗಣಕಯಂತ್ರವು ನಿರುಪಯೋಗಿಯಾಗುವದು. ಅರವತ್ತು ವರುಷದ ಸ್ಪೀಕರವು ಹಾಗಾಗುವದಿಲ್ಲ. ಕಾರಣವೇನೆಂದರೆ, ಅದು ಮಾಡಬೇಕಾದ ಕೆಲಸವೂ ಬದಲಾಗಿಲ್ಲ, ಕೇಳುವ ಮನುಷ್ಯನ ಕಿವಿಯೂ ಬದಲಾಗಿಲ್ಲ.

ಬದಲಾದುದು ಪೆಟ್ಟಿಗೆಯ ಕಲೆ. ಶಂಕುವಿನ ಬೆನ್ನಿನ ಗಾಳಿಯು ಮುಂದಿನ ಗಾಳಿಯೊಡನೆ ಕೂಡಿದರೆ ಗಂಭೀರ ಸ್ವರಗಳು ಒಂದನ್ನೊಂದು ಅಳಿಸಿಬಿಡುವವು. ಆದುದರಿಂದ ಪೆಟ್ಟಿಗೆ ಬೇಕು. ಮೊದಲು ಅದು ಕಪಾಟದಷ್ಟು ದೊಡ್ಡದಿರಬೇಕಾಗುತ್ತಿತ್ತು. ೧೯೫೪ರಲ್ಲಿ ಅಮೇರಿಕೆಯ ಎಡ್ಗರ್ ವಿಲ್ಚರ್ ಎಂಬವರು ಪೆಟ್ಟಿಗೆಯನ್ನು ಗಾಳಿಯಾಡದಂತೆ ಮುಚ್ಚಿ, ಒಳಗಿನ ಗಾಳಿಯನ್ನೇ ಸ್ಪ್ರಿಂಗಿನಂತೆ ದುಡಿಸಿಕೊಂಡು, ಚಿಕ್ಕ ಪೆಟ್ಟಿಗೆಯಿಂದ ಆಳವಾದ ನಾದವನ್ನು ಹೊರಡಿಸಿದರು. ೧೯೫೭ರಲ್ಲಿ ಇಂಗ್ಲಂಡಿನ ಪೀಟರ್ ವಾಕರ್ ಅವರ ಕ್ವಾಡ್ ಕಂಪನಿಯು ಶಂಕುವನ್ನೂ ಸುರುಳಿಯನ್ನೂ ಬಿಟ್ಟು, ತೆಳುವಾದ ಪೊರೆಯನ್ನು ಸ್ಥಿರವಿದ್ಯುತ್ತಿನಿಂದ ನಡುಗಿಸುವ ಸ್ಪೀಕರವನ್ನು ಮಾರಾಟಕ್ಕೆ ತಂದಿತು. ನಮ್ಮ ದೇಶದಲ್ಲಿಯೂ ಈ ಕೆಲಸ ನಡೆಯದೆ ಇರಲಿಲ್ಲ. ೧೯೭೦ರಲ್ಲಿ ಕಲಕತ್ತೆಯಲ್ಲಿ ಹುಟ್ಟಿದ ಸೋನೋಡೈನ್ ಸಂಸ್ಥೆಯ ಪೆಟ್ಟಿಗೆಗಳು ಮಧ್ಯಮ ವರ್ಗದ ಅನೇಕ ಮನೆಗಳ ಹಾಲನ್ನು ಅಲಂಕರಿಸಿದವು. ವಿದೇಶದ ಮಾಲು ದುರ್ಲಭವಾಗಿದ್ದ ಆ ವರುಷಗಳಲ್ಲಿ ನಮ್ಮ ಬಡಗಿಗಳೂ ರೇಡಿಯೋ ಮೇಸ್ತ್ರಿಗಳೂ ಕೂಡಿ ತಾವೇ ಪೆಟ್ಟಿಗೆ ಕಟ್ಟಿಕೊಡುತ್ತಿದ್ದುದುಂಟು. ನಾವು ತಂದ ಜೋಡಿಯೂ ಅಂತಹದೇ ಇರಬೇಕು. ಅದರ ಮೇಲೆ ಯಾವ ಹೆಸರೂ ಇಲ್ಲ.

ನಮ್ಮ ಸೀಮೆಗೆ ಕೇಳುವ ರೂಢಿ ಹೊಸದಲ್ಲ. ಹುಮನಾಬಾದದ ಮಾಣಿಕನಗರದಲ್ಲಿ ಮಾಣಿಕ ಪ್ರಭುಗಳ (೧೮೧೭–೧೮೬೫) ಕಾಲದಿಂದಲೂ ಸಂಗೀತಕ್ಕೆ ಆಶ್ರಯವುಂಟು. ರೇಡಿಯೋ ನಮ್ಮ ಪ್ರಾಂತಕ್ಕೆ ಬಂದುದು ನಿಜಾಮ ಸಂಸ್ಥಾನದ ಕಾಲದಲ್ಲಿ. ಹೈದರಾಬಾದದ ಡೆಕ್ಕನ್ ರೇಡಿಯೋ ಪ್ರಾರಂಭವಾದುದು ೧೯೩೫ರಲ್ಲಿ. ಅದೇ ವರುಷ ಮೈಸೂರಿನಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಆಕಾಶವಾಣಿಯನ್ನು ಆರಂಭಿಸಿದರು. ೧೯೪೮ರ ಸೆಪ್ಟೆಂಬರದಲ್ಲಿ ಸೋಲಾಪುರದಿಂದ ಹೊರಟ ಭಾರತದ ಸೇನೆಯು ಹುಮನಾಬಾದದ ಹೆದ್ದಾರಿಯ ಮೇಲೆಯೇ ಹೈದರಾಬಾದಕ್ಕೆ ಸಾಗಿತು. ೧೭ನೆಯ ತಾರೀಖಿಗೆ ನಿಜಾಮರ ಶರಣಾಗತಿಯ ಸುದ್ದಿಯನ್ನು ಸಂಸ್ಥಾನದ ಜನರು ರೇಡಿಯೋದಲ್ಲಿ ಕೇಳಿದರು. ಆಗ ಹದಿಹರೆಯದವರಾಗಿದ್ದ ನಮ್ಮ ತೀರ್ಥರೂಪರು, ಒಂದು ಪೆಟ್ಟಿಗೆಯ ಮುಂದೆ ಇಡೀ ಓಣಿಯು ಉಸಿರು ಬಿಗಿಹಿಡಿದು ನಿಂತುದನ್ನು ಮೇಲಿಂದ ಮೇಲೆ ಹೇಳುತ್ತಿದ್ದರು. ಮುಂದೆ ೧೯೫೦ರ ಜನವರಿ ೮ರಂದು ಧಾರವಾಡ ಕೇಂದ್ರವೂ, ೧೯೬೬ರಲ್ಲಿ ಕಲಬುರ್ಗಿ ಕೇಂದ್ರವೂ ಆದವು.

ಇನ್ನು ನಮ್ಮ ಜೋಡಿಯ ಸಂಗತಿ. ಹುಮನಾಬಾದದ ವೃದ್ಧ ಮೇಸ್ತ್ರಿಯೊಬ್ಬರ ಬಳಿಗೆ ಅದನ್ನು ಒಯ್ದೆವು. ಅವರು ಮೊದಲು ಒಂದೂವರೆ ವೋಲ್ಟಿನ ಸೆಲ್ಲಿನ ಎರಡು ತುದಿಗಳನ್ನು ಸ್ಪೀಕರದ ತಂತಿಗಳಿಗೆ ಒಂದು ಕ್ಷಣ ಮಾತ್ರ ತಾಗಿಸಿದರು. ಶಂಕುವು ಮುಂದಕ್ಕೆ ಜಿಗಿದರೆ ಧನ-ಋಣಗಳು ಸರಿಯಾಗಿವೆಯೆಂದು ಅರ್ಥ. ಜೋಡಿಯಲ್ಲಿ ಒಂದು ಮುಂದಕ್ಕೂ ಒಂದು ಹಿಂದಕ್ಕೂ ಹೋದರೆ ಗಂಭೀರ ನಾದವು ಮಾಯವಾಗುವದು. ಅನಂತರ ಮೀಟರಿನಿಂದ ಸುರುಳಿಯ ತಡೆಯನ್ನು ಅಳೆದರು. ೮ ಓಮ್ ಎಂದು ಬರೆದ ಸ್ಪೀಕರವು ಮೀಟರಿನಲ್ಲಿ ಸುಮಾರು ೬ ತೋರಿಸಿದರೆ ಅದು ಆರೋಗ್ಯದ ಲಕ್ಷಣ. ಬೆರಳತುದಿಗಳಿಂದ ಶಂಕುವನ್ನು ಸಮನಾಗಿ ಒತ್ತಿ, ಸುರುಳಿಯು ಎಲ್ಲಿಯೂ ಕೆರೆಯದೆಂದು ಕಿವಿಗೊಟ್ಟು ನಿರ್ಧರಿಸಿದರು. ದೊಡ್ಡ ಸ್ಪೀಕರಗಳೆರಡೂ ನೆಟ್ಟಗಿದ್ದವು. ಅವುಗಳ ಅಂಚು ಬಟ್ಟೆಯದಾದುದರಿಂದ ಉಳಿದುಕೊಂಡಿತ್ತು. ಕೆಟ್ಟುದು ಏರುಸ್ವರಗಳ ಒಂದು ಚಿಕ್ಕ ಸ್ಪೀಕರವೂ, ಸ್ವರಗಳನ್ನು ಪಾಲುಮಾಡಿಕೊಡುವ ಭಾಗದಲ್ಲಿಯ ಒಣಗಿದ ಕೆಪ್ಯಾಸಿಟರಗಳೂ ಮಾತ್ರ. ಅವನ್ನು ಬದಲಿಸುವದು ಒಂದು ಸಂಜೆಯ ಕೆಲಸವಾಯಿತು. ಅವರಿಗೆ ಶಿಷ್ಯರಿಲ್ಲ. ತಮ್ಮ ಮಕ್ಕಳು ಮೋಬಾಯಿಲ ಅಂಗಡಿ ಇಟ್ಟಿರುವರೆಂದೂ, ಈ ಕೆಲಸ ತಮ್ಮೊಂದಿಗೇ ಮುಗಿಯುವದೆಂದೂ ಅವರು ದುಃಖವಿಲ್ಲದೆ ಹೇಳಿದರು. ನಮಗೆ ಮಾತ್ರ ದುಃಖವಾಯಿತು.

ಈ ಯಶಸ್ಸಿನಿಂದ ಉಬ್ಬಿ ನಾವು ಒಂದು ದೊಡ್ಡ ಪಟ್ಟಣದ ಅಂಗಡಿಯಲ್ಲಿ ಹೆಸರಾಂತ ವಿದೇಶೀ ಜೋಡಿಯೊಂದನ್ನು ಭಾರೀ ಬೆಲೆಗೆ ಕೊಂಡು ಮೋಸಹೋದುದನ್ನೂ ಮುಚ್ಚಿಡಲಾರೆವು. ಮುಂದಿನ ಜಾಳಿಗೆಯನ್ನು ತೆಗೆಸಿ ನೋಡದೆ ಹಣ ಎಣಿಸಿದೆವು. ಮನೆಯಲ್ಲಿ ಬಿಚ್ಚಿದಾಗ ಶಂಕುವಿನ ಸುತ್ತಲಿನ ಫೋಮಿನ ಅಂಚು ಹಳೆಯ ಹಪ್ಪಳದಂತೆ ಬೆರಳಿಗೆ ಪುಡಿಪುಡಿಯಾಯಿತು. ಈ ಫೋಮು ಗಾಳಿಯ ತೇವದಿಂದಲೇ ಕೊಳೆಯುವಂಥದು; ಹದಿನೈದು-ಇಪ್ಪತ್ತು ವರುಷಗಳಲ್ಲಿ, ನುಡಿಸಿದರೂ ನುಡಿಸದಿದ್ದರೂ ಅದರ ಆಯುಷ್ಯ ಮುಗಿಯುವದು. ರಬ್ಬರ, ಬಟ್ಟೆ, ಮಡಿಕೆಯ ಕಾಗದ ಇವು ಹೆಚ್ಚು ಬಾಳುವವು. ತಕ್ಕ ಅಳತೆಯ ಹೊಸ ಅಂಚನ್ನು ಅಂಟಿಸಬಹುದು. ಆದರೆ ಸುರುಳಿಯನ್ನು ನಟ್ಟನಡುವೆ ನಿಲ್ಲಿಸುವ ತಾಳ್ಮೆ ಬೇಕು. ಆದುದರಿಂದ ಕೊಳ್ಳುವವರು ಜಾಳಿಗೆ ತೆಗೆಸಿ ನೋಡಲಿ, ತಮಗೆ ಪರಿಚಯವಿರುವ ಹಾಡನ್ನು ನುಡಿಸಿ ಕೇಳಲಿ, ಹೆಸರಿನ ಫಲಕಕ್ಕೆ ಮರುಳಾಗದಿರಲಿ. ಕೆಲವು ಹಳೆಯ ಚುಂಬಕಗಳಲ್ಲಿ ಕೋಬಾಲ್ಟ್ ಲೋಹವಿರುವದು. ೧೯೭೮ರಲ್ಲಿ ಝೈರೆ ದೇಶದ ಗಲಭೆಯಿಂದ ಅದರ ಬೆಲೆ ಏರಲು ತಯಾರಕರು ಅಗ್ಗದ ಫೆರೈಟಿಗೆ ತಿರುಗಿದರು. ಅಂದಮಾತ್ರಕ್ಕೆ ಹಳೆಯ ಚುಂಬಕದಲ್ಲಿ ಮಂತ್ರಶಕ್ತಿ ಇರುವದೆಂದು ಹೇಳಿ ಹತ್ತು ಪಟ್ಟು ಬೆಲೆ ಕೇಳುವವರನ್ನು ನಂಬಬೇಕಾಗಿಲ್ಲ. ಹಳೆಯದೆಲ್ಲ ಹೊನ್ನಲ್ಲ, ಇಂದಿನ ಸ್ಪೀಕರಗಳಲ್ಲಿ ಉತ್ತಮವಾದವು ಅನೇಕವಿವೆ. ನಮ್ಮ ವಾದವು ಇಷ್ಟೇ: ಮನೆಯಲ್ಲಿ ಆಗಲೇ ಇರುವ ಒಳ್ಳೆಯ ವಸ್ತುವನ್ನು ತೂಕಕ್ಕೆ ಹಾಕಿ, ಅದಕ್ಕಿಂತ ಕೀಳಾದುದನ್ನು ಹಣಕೊಟ್ಟು ತರುವದು ಜಾಣತನವಲ್ಲ.

ಕೀಳಾದುದೆಂದು ಏಕೆ ಹೇಳುತ್ತೇವೆ? ಅಂಗೈಯೊಳಗಿನ ಮೋಬಾಯಿಲದ ಸ್ಪೀಕರವು ಉಗುರಿನಷ್ಟು ಗಾಳಿಯನ್ನು ತಳ್ಳುವದು. ಸೆಕೆಂಡಿಗೆ ನೂರು ಕಂಪನಗಳಿಗಿಂತ ಕೆಳಗಿನ ಸ್ವರವು ಅದರಿಂದ ಹೊರಡುವದೇ ಇಲ್ಲವೆನ್ನಬಹುದು. ಡಗ್ಗಾದ ಗುಮುಕೂ ತಂಬೂರಿಯ ಖರ್ಜವೂ ಅಲ್ಲಿ ಲುಪ್ತವಾಗುವವು. ವಚನಗಳು ಮೊಳಗಿದ ಕಲ್ಯಾಣವು ನಮ್ಮ ನೆರೆಯ ತಾಲೂಕು; ಆ ವಚನಗಳನ್ನು ಮಲ್ಲಿಕಾರ್ಜುನ ಮನಸೂರರು ಹಾಡಿದ ಮುದ್ರಿಕೆಯನ್ನು ಮೋಬಾಯಿಲದಲ್ಲಿ ಕೇಳಿದವನಿಗೆ ಶಬ್ದ ದೊರಕುವದು, ಗಾಯಕ ದೊರಕುವದಿಲ್ಲ. ಗಂಗೂಬಾಯಿ ಹಾನಗಲ್ಲರ ಕಂಠದ ತೂಕವು ದೊಡ್ಡ ಶಂಕುವಿನಲ್ಲಿಯೇ ತಿಳಿಯಬೇಕು.

ಇದಕ್ಕಿಂತ ಹತ್ತಿರದ ಒಂದು ಮಾತು. ನಮ್ಮ ತೀರ್ಥರೂಪರು ತೀರಿಕೊಳ್ಳುವ ಕೆಲವು ವರುಷಗಳ ಮೊದಲು ಸಂಜೆಯ ಭಜನೆಯಲ್ಲಿ ಹಾಡಿದುದು ಒಂದು ಕ್ಯಾಸೆಟ್ಟಿನಲ್ಲಿ ಉಳಿದಿತ್ತು. ಮಕ್ಕಳು ಅದನ್ನು ಮೋಬಾಯಿಲಕ್ಕೆ ಇಳಿಸಿಕೊಟ್ಟಿದ್ದರು. ನಮ್ಮ ಮಾತೋಶ್ರೀಯವರು ಒಂದೆರಡು ಸಲ ಕೇಳಿ, ಯಾರೋ ದೂರದಲ್ಲಿ ಕೂಗಿದಂತಿದೆ ಎಂದು ಬಿಟ್ಟುಬಿಟ್ಟಿದ್ದರು. ದುರಸ್ತಿಯಾದ ಪೆಟ್ಟಿಗೆಗಳಲ್ಲಿ ಅದೇ ಕ್ಯಾಸೆಟ್ಟನ್ನು ಹಚ್ಚಿದ ದಿನ, ಹಾಡಿಗೆ ಮೊದಲು ಅವರು ಗಂಟಲು ಸರಿಮಾಡಿಕೊಂಡುದೂ ಹಾರ್ಮೋನಿಯಮಿನ ತಿದಿಯ ಉಸಿರೂ ಕೇಳಬಂದವು. ಅಡಿಗೆಮನೆಯಲ್ಲಿದ್ದ ಮಾತೋಶ್ರೀಯವರು ಬಾಗಿಲಲ್ಲಿ ಬಂದು ನಿಂತು, “ತಮ್ಮಾ, ಕೆಮ್ಮು ಸುದ್ದಾ ಅವರದೇ” ಎಂದರು. ಹಾಡು ಮುಗಿಯುವ ವರೆಗೆ ಕೂಡ್ರಲಿಲ್ಲ. ಈ ಕ್ಯಾಸೆಟ್ಟು ನಮ್ಮ ಮನೆಯಲ್ಲಿ ಯಾವಾಗಲೂ ಇತ್ತು. ಅದರೊಳಗಿನ ಮನುಷ್ಯನನ್ನು ನಾವು ಇಷ್ಟು ವರುಷ ಕೇಳಿರಲಿಲ್ಲ.

ಇಟ್ಟುಕೊಳ್ಳುವ ರೀತಿಯೂ ಕಷ್ಟದ್ದಲ್ಲ. ಪೆಟ್ಟಿಗೆಗಳನ್ನು ಮೂಲೆಗೆ ತುರುಕದೆ, ನೆಲದಿಂದ ತುಸು ಎತ್ತರಕ್ಕೆ, ಕೇಳುವವನಿಗೂ ಎರಡು ಪೆಟ್ಟಿಗೆಗಳಿಗೂ ಸಮತ್ರಿಕೋಣವಾಗುವಂತೆ ಇಡಬೇಕು. ಶಹಾಬಾದ ಫರ್ಸಿಯ ನೆಲ, ಬೋಳು ಗೋಡೆಗಳ ನಮ್ಮ ಮನೆಗಳಲ್ಲಿ ನಾದವು ಪುಟಿದು ಗೊಂದಲವಾಗುವದು. ಒಂದು ಜಮಖಾನೆಯನ್ನೂ ಪುಸ್ತಕದ ಕಪಾಟವನ್ನೂ ಇಟ್ಟರೆ ಅರ್ಧ ಗೊಂದಲವು ಅಡಗುವದು. ಬೇಸಿಗೆಯ ಕೆಂಪು ಧೂಳಿಗೆ ಬಟ್ಟೆಯ ಮುಸುಕು ಸಾಕು. ಹಳೆಯ ದೊಡ್ಡ ಸ್ಪೀಕರಗಳಲ್ಲಿ ಬಹಳಷ್ಟು ಕೆಲವೇ ವ್ಯಾಟುಗಳಿಂದ ಕೋಣೆಯನ್ನು ತುಂಬುವವು. ಆದುದರಿಂದ ಗುಂಡಿಯನ್ನು ಪೂರ್ತಿ ತಿರುವುವ ಕಾರಣವೇ ಇಲ್ಲ. ನೆರೆಯವನ ನಿದ್ದೆಯನ್ನು ಕೆಡಿಸಿದ ದಿನ ಮನೆಯ ಸ್ಪೀಕರವೂ ಭೋಂಗಾ ಆಗುವದು.

ಆದುದರಿಂದ ನಮ್ಮ ವಾಚಕರಲ್ಲಿ ನಾವು ನಿವೇದಿಸಿಕೊಳ್ಳುವದಿಷ್ಟೆ. ಅಟ್ಟದ ಮೇಲೆ ಹಿರಿಯರು ಬಿಟ್ಟ ಪೆಟ್ಟಿಗೆ ಇದ್ದರೆ, ತಕ್ಕಡಿಗೆ ಏರಿಸುವ ಮೊದಲು ಒಮ್ಮೆ ಸೆಲ್ಲು ತಾಗಿಸಿ ನೋಡಿರಿ. ಮೇಸ್ತ್ರಿಗಳು ಇನ್ನೂ ಬದುಕಿರುವಾಗಲೇ ನಿಮ್ಮ ಊರಿನ ಒಬ್ಬ ಹುಡುಗನನ್ನು ಅವರ ಪಕ್ಕದಲ್ಲಿ ಕೂಡ್ರಿಸಿರಿ. ಔದ್ಯೋಗಿಕ ತರಬೇತಿ ಶಾಲೆಗಳ ಅಧಿಕಾರಿಗಳು ಮನಸ್ಸು ಮಾಡಿದರೆ ಇದು ಕಷ್ಟವಲ್ಲ. ಊರ ವಾಚನಾಲಯದಲ್ಲಿ ಒಂದು ಜೋಡಿಯನ್ನಿಟ್ಟು, ವಾರಕ್ಕೊಂದು ಸಂಜೆ ನಾಲ್ಕು ಜನ ಸುಮ್ಮನೆ ಕುಳಿತು ಕೇಳುವಂತಾದರೆ, ಕೂಗಿಯೇ ಮಾತಾಡಬೇಕೆಂಬ ಇಂದಿನ ರೂಢಿಗೆ ಅದು ತಕ್ಕ ಮದ್ದಾದೀತು. ಮೇಸ್ತ್ರಿಗೆ ಎಪ್ಪತ್ತು ದಾಟಿದೆ. ಗುಜರಿಯ ಬಂಡಿಯು ಮುಂದಿನ ದೀಪಾವಳಿಗೂ ನಮ್ಮ ಓಣಿಗೆ ಬರುವದು.